ಪೆಟ್ಟಿಗೆಯ ಮೀನ್ ಬರ್ಗರಿಗೂ ಒಂದ್ ಕಥೆ ಇತ್ತ್

ಮೊನ್ನೆ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಒಬ್ಬರು ನನ್ನ ಹತ್ರ ಕೇಳಿದ್ರು, "ಹೌದಾ, ನಿಮ್ಮನೆ ಸೊಸಿ ಅಂಗಡಿ ಪೆಟ್ಟಿಗಿ ಮೀನ್ ತಂದ್ ಹುರಿತ್ಲಂಬ್ರಲೆ? ಗಂಗೊಳ್ಳಿ ಬಂದರ್ ಇಷ್ಟ್ ಹತ್ರ ಇಟ್ಕಂಡ್ ಐಸ್ ಮೀನ್ ತಿಂಬುದಾ?" ಕೇಳಿದವರು ನಗಾಡಿಕೊಂಡೇ ಕೇಳಿದ್ದು. ಆದರೆ ಆ ಮಾತು ಮೀನಿನ ಮೇಲಿನದ್ದಲ್ಲ, ಸೊಸಿ ಮೇಲಿನದ್ದು ಅಂಬುದು ಅಲ್ಲಿ ಕೂತ ಎಲ್ಲರಿಗೂ ಗೊತ್ತಾಯ್ತ್. ಅವಳು ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿದರೆ ಮನೆಗೆ ಬಪ್ಪುದು ಸಂಜೆ ಏಳಕ್ಕೆ. ಮೊಮ್ಮಗಳಿಗೆ ಒಮ್ಮೆ ಬೈಗೆ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದ ಮೇಲೆ ಮುಳ್ಳಿನ ಮೀನು ಕಂಡರೇ ಬಾಯಿ ಮುಚ್ಚಿಕೊಂತಾಳೆ. ಮತ್ತೆ ಎಂತ ಮಾಡ್ಕ್ ಹೇಳಿ?

ಈ ಪೆಟ್ಟಿಗೆ ಮೀನು ಯಾರು ಶುರು ಮಾಡಿದ್ದು, ಎಂತಕ್ಕೆ ಮಾಡಿದ್ದು ಅಂತ ಓದಿ ಕಂಡೆ. ಮಗ ಒಂದೆರಡು ಪುಸ್ತಕ ತಂದುಕೊಟ್ಟ. ಓದಿದ ಮೇಲೆ ಅದರ ಮೇಲಿನ ಸಸಾರ ಸ್ವಲ್ಪ ಕಡಿಮೆ ಆಯ್ತು, ಹೆದರಿಕೆ ಸ್ವಲ್ಪ ಜಾಸ್ತಿ ಆಯ್ತು. ಎರಡನ್ನೂ ಬರೀತೆ, ಕಾಣಿ.

ಮೊದಲಿಗೆ ಕ್ಲಾರೆನ್ಸ್ ಬರ್ಡ್ಸ್‌ಐ ಅಂತ ಒಬ್ಬ ಅಮೆರಿಕದವ. 1886ರಲ್ಲಿ ಹುಟ್ಟಿದ್ದು. 1912ರಿಂದ ಕೆಲವು ವರ್ಷ ಕೆನಡಾದ ಈಶಾನ್ಯಕ್ಕೆ ಲ್ಯಾಬ್ರಡಾರ್ ಅಂಬ ಹಿಮದ ಊರಲ್ಲಿ ನರಿ ಚರ್ಮದ ವ್ಯಾಪಾರಕ್ಕೆ ಹೋಗಿ ಕೂತಿದ್ದ. ಅಲ್ಲಿನ ಇನ್ಯೂಯಿಟ್ ಜನ ಹಿಮದಲ್ಲಿ ತೂತು ಮಾಡಿ ಮೀನು ಹಿಡಿದು ಹೊರಗೆ ಹಾಕಿದರೆ, ಆ ಕೊರೆಯುವ ಗಾಳಿಗೆ ಮೀನು ಕಣ್ಣೆದುರೇ ಕಲ್ಲಾಗ್ತಿತ್ತಂತೆ. ತಿಂಗಳು ಬಿಟ್ಟು ಕರಗಿಸಿ ಬೇಯಿಸಿದರೂ ಈಗ ಹಿಡಿದ ಮೀನಿನ ರುಚಿ. ಅದೇ ಅಮೆರಿಕದ ಪೇಟೆಯಲ್ಲಿ ಸಿಗುವ ಐಸ್ ಮೀನು ಹತ್ತಿಯ ಹಾಗೆ. ಎಂತಕ್ಕೆ ಹೀಗೆ ಅಂತ ಅವನಿಗೆ ತಲೆಗೆ ಹುಳ ಬಿಟ್ಟ ಹಾಗಾಯ್ತು.

ಕಾರಣ ಇಷ್ಟೇ. ಮೀನಿನ ಮೈಯಲ್ಲಿ ಇಪ್ಪುದು ಹೆಚ್ಚು ನೀರು. ನಿಧಾನಕ್ಕೆ ತಣ್ಣಗಾದರೆ ಆ ನೀರು ದೊಡ್ಡ ದೊಡ್ಡ ಸೂಜಿಯಂಥ ಹರಳಾಗಿ ಮಾಂಸವನ್ನೆಲ್ಲ ಚುಚ್ಚಿ ಹರೀತದೆ. ಕರಗಿದಾಗ ಆ ತೂತಿನಿಂದ ನೀರೂ ರುಚಿಯೂ ಇಳಿದು ಹೋಗ್ತದೆ. ಗಳಿಗೆಯಲ್ಲಿ ಹೆಪ್ಪುಗಟ್ಟಿದರೆ ಹರಳು ಸಾಸಿವೆಗಿಂತ ಸಣ್ಣ, ಮಾಂಸಕ್ಕೆ ಏಟಿಲ್ಲ. ನಾವು ಎರಡು ಕೆಜಿ ಅಂಜಲ್ ಒಟ್ಟಿಗೆ ತಂದು ಮನೆಯ ಫ್ರಿಜ್ಜಿನ ಮೇಲಿನ ಖಾನೆಗೆ ತುಂಬಿಸಿ ಇಡ್ತೇವಲ್ಲ, ಅದು ನಿಧಾನದ ಹೆಪ್ಪು. ಹಾಗಾಗಿಯೇ ವಾರದ ನಂತರ ಸಾರು ಮಾಡಿದರೆ ಮೀನು ಚೂರು ಚೂರು ಆಪುದು. ಕಾರ್ಖಾನೆಯಲ್ಲಿ ಮಾಡುವುದು ಗಡದ್ದು ಹೆಪ್ಪು. ಈ ಒಂದು ವಿಷಯದಲ್ಲಿ ಪೆಟ್ಟಿಗೆ ಮೀನು ನಮ್ಮ ಫ್ರಿಜ್ಜಿನ ಮೀನಿಗಿಂತ ಮೇಲು ಅಂತ ಒಪ್ಪಿಕೊಳ್ಳಲೇಬೇಕು, ಹೊಟ್ಟೆ ಉರಿದರೂ.

ಬರ್ಡ್ಸ್‌ಐ ಊರಿಗೆ ಬಂದು ತಣ್ಣನೆಯ ಲೋಹದ ತಟ್ಟೆಗಳ ನಡುವೆ ಮೀನನ್ನು ಒತ್ತಿ ಹೆಪ್ಪುಗಟ್ಟಿಸುವ ಯಂತ್ರ ಮಾಡಿದ. 1929ರಲ್ಲಿ ತನ್ನ ಕಂಪೆನಿಯನ್ನು 2 ಕೋಟಿ 20 ಲಕ್ಷ ಡಾಲರಿಗೆ ಮಾರಿದ. 1930ರ ಮಾರ್ಚ್ 6ಕ್ಕೆ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಪೇಟೆಯ ಅಂಗಡಿಗಳಲ್ಲಿ ಹೆಪ್ಪುಗಟ್ಟಿಸಿದ ಮೀನು, ಮಾಂಸ, ಬಟಾಣಿ ಎಲ್ಲ ಮಾರಾಟಕ್ಕೆ ಇಟ್ಟರು.

ಆದರೆ ಹೆಂಗಸರು ಮೀನು ಕೊಳ್ಳಲಿಲ್ಲ. ಇದು ನನಗೆ ಬಹಳ ಇಷ್ಟವಾದ ಭಾಗ. ಎರಡನೇ ಮಹಾಯುದ್ಧ ಮುಗಿದ ಮೇಲೆ ದೊಡ್ಡ ಬೋಟು, ದೊಡ್ಡ ಫ್ರೀಜರ್ ಬಂದವು, ಮೀನು ರಾಶಿ ಬಿತ್ತು. ಕಂಪೆನಿಯವರು ಅದನ್ನು ಇಟ್ಟಿಗೆಯ ಹಾಗೆ ಅಚ್ಚುಹಾಕಿ ಮಾರಿದರು. ಮನೆಗೆ ತಂದರೆ ಆ ಇಟ್ಟಿಗೆಯನ್ನು ಕತ್ತಿಯಲ್ಲಿ ಕುಟ್ಟಿ ಒಡೀಬೇಕು. ದಿನವಿಡೀ ಕೆಲಸ ಮಾಡಿದವಳಿಗೆ ರಾತ್ರಿ ಇದೊಂದು ಬಾಕಿ ಇತ್ತಾ? ಯಾರೂ ಮೂಸಿ ನೋಡಲಿಲ್ಲ. ಆಗ 1953ರಲ್ಲಿ ಅದೇ ಇಟ್ಟಿಗೆಯನ್ನು ಮರದ ಮಿಲ್ಲಿನಲ್ಲಿ ದಿಮ್ಮಿ ಕೊಯ್ದ ಹಾಗೆ ಗರಗಸದಲ್ಲಿ ಬೆರಳುದ್ದಕ್ಕೆ ಕೊಯ್ದು, ಹಿಟ್ಟಿನಲ್ಲಿ ಅದ್ದಿ, ಬ್ರೆಡ್ ಪುಡಿ ಹಚ್ಚಿ, ಕ್ಷಣ ಮಾತ್ರ ಎಣ್ಣೆಯಲ್ಲಿ ತೇಲಿಸಿ, ಪುನಃ ಹೆಪ್ಪುಗಟ್ಟಿಸಿ ಪೆಟ್ಟಿಗೆಗೆ ತುಂಬಿದರು. ಫಿಶ್ ಸ್ಟಿಕ್. ಮುಳ್ಳಿಲ್ಲ, ಕಣ್ಣಿಲ್ಲ, ವಾಸನೆಯಿಲ್ಲ. ಅದು ಓಡಿತು. ಇವತ್ತಿನ ಬರ್ಗರ್ ಟಿಕ್ಕಿ ಅದರದ್ದೇ ಒಡಹುಟ್ಟಿದ್ದು, ಉದ್ದದ್ದು ಉರುಟಾಯ್ತು ಅಷ್ಟೇ.

1955ರಲ್ಲಿ ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಕಾರ್ಖಾನೆಯಲ್ಲೂ ಇದೇ ಮಾಡಿದರು. ಅಲ್ಲಿ ಹೆರಿಂಗ್ ಅಂಬ ಮೀನು ಬೇಕಾದಷ್ಟು. ನಮ್ಮ ಬೈಗೆಯ ನೆಂಟನೇ, ಎಣ್ಣೆಯ ಮೀನು, ಮುಳ್ಳು ಸಣ್ಣದು, ಬಡವರ ಊಟ. ಅದನ್ನು ಮಾರಿಸಬೇಕು ಅಂತ ಹೆರಿಂಗಿನ ಬೆರಳು ಮಾಡಿ, ಹೋಲಿಸಿ ನೋಡಲು ಸಪ್ಪೆ ಕಾಡ್ ಮೀನಿನದ್ದನ್ನೂ ಒಟ್ಟಿಗೆ ಇಟ್ಟರಂತೆ. ಜನ ಸಪ್ಪೆಯದ್ದನ್ನೇ ಎತ್ತಿಕೊಂಡು ಹೋದರು. ರುಚಿ ಇಪ್ಪ ಮೀನು ಸೋತು ಸಪ್ಪೆ ಮೀನು ಗೆದ್ದದ್ದು ಓದಿ ನನಗೆ ಬೇಜಾರಾಯ್ತು. ಬೈಗೆ ಪುಳಿಮುಂಚಿ ತಿಂದು ಬೆಳೆದವರಿಗೆ ಆಗದೇ ಇರ್ತದಾ?

ಬನ್ನಿನ ಒಳಗೆ ಮೀನು ಹೋದ ಕಥೆ ಇನ್ನೂ ಚಂದ. ಅಮೆರಿಕದ ಸಿನ್ಸಿನಾಟಿ ಪೇಟೆಯಲ್ಲಿ ಲೂ ಗ್ರೋಯೆನ್ ಅಂಬವನು 1959ರಲ್ಲಿ ಮೆಕ್‌ಡೊನಾಲ್ಡ್ಸ್ ಅಂಗಡಿ ಹಾಕಿದ. ಸುತ್ತಲಿನವರು ಹೆಚ್ಚಿನವರು ಕ್ಯಾಥೊಲಿಕರು, ಆಗ ಶುಕ್ರವಾರ ಮಾಂಸ ಮುಟ್ಟುವ ಕ್ರಮ ಇಲ್ಲ. ಶುಕ್ರವಾರದ ವ್ಯಾಪಾರ ಬರೀ 75 ಡಾಲರ್. ಮನೆಯಲ್ಲಿ ಹೆಂಡ್ತಿ ಮಕ್ಕಳು, ಅಂಗಡಿ ಮುಚ್ಚುವ ಸ್ಥಿತಿ. ಅವನು ಹ್ಯಾಲಿಬಟ್ ಅಂಬ ದೊಡ್ಡ ಮೀನನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಬನ್ನಿನ ನಡುವೆ ಇಟ್ಟ. ಕಂಪೆನಿಯ ಯಜಮಾನ ರೇ ಕ್ರಾಕಿಗೆ ತನ್ನ ಅಂಗಡಿ ಮೀನಿನ ವಾಸನೆ ಹೊಡೆಯುವುದು ಬೇಡವಾಗಿತ್ತು. ಅವನದ್ದೇ ಬೇರೆ ಉಪಾಯ, ಸುಟ್ಟ ಅನಾನಸ್ ಚೂರಿನ ಮೇಲೆ ಚೀಸ್ ಇಟ್ಟ ಹುಲಾ ಬರ್ಗರ್! ಇಬ್ಬರಿಗೂ ಪಂಥ ಬಿತ್ತು. 1962ರ ಗುಡ್ ಫ್ರೈಡೇ ದಿನ ಎರಡನ್ನೂ ಮಾರಿದರು. ಗ್ರೋಯೆನ್ ಹೇಳುವಂತೆ ಮೀನಿನದ್ದು 350 ಹೋಯ್ತು, ಅನಾನಸಿನದ್ದು 6. ಆ ಆರು ತಿಂದ ಪುಣ್ಯಾತ್ಮರು ಯಾರೋ. 1965ರ ಹೊತ್ತಿಗೆ ಆ ಮೀನ್ ಬರ್ಗರ್ ಅಮೆರಿಕವೆಲ್ಲ ಸಿಕ್ಕಿತು. ಮಂಗಳೂರು ಕಡೆಯ ನಮ್ಮ ಕ್ಯಾಥೊಲಿಕ್ ನೆರೆಕರೆಯವರು ಈಸ್ಟರಿನ ಮುಂಚಿನ ಉಪವಾಸದ ಶುಕ್ರವಾರ ಮಾಂಸ ಬಿಟ್ಟು ಮೀನ್ ಸಾರು ಮಾಡ್ತಾರಲ್ಲ, ಅದೇ ಕ್ರಮ ಅಲ್ಲಿ ಒಂದು ಅಂಗಡಿಯನ್ನು ಉಳಿಸಿತು.

ಈಗ ಹೆದರಿಕೆಯ ಮಾತು. ಗ್ರೋಯೆನ್ ಹಾಕಿದ್ದು ಹ್ಯಾಲಿಬಟ್. ಅದು ದುಬಾರಿ ಅಂತ ಕಾಡ್ ಬಂತು. ಮುಂದೆ ಅಲಾಸ್ಕಾದ ಪೊಲ್ಲಾಕ್ ಬಂತು. ತಿಂಬವರಿಗೆ ಬನ್ನು ಅದೇ, ಸಾಸ್ ಅದೇ. ಒಳಗಿನ ಮೀನು ಬದಲಾದದ್ದು ಯಾರಿಗೆ ಗೊತ್ತಾಪುದು? ನಮ್ಮ ಅಂಗಳಕ್ಕೆ ಬುಟ್ಟಿ ಹೊತ್ತು ಬಪ್ಪ ಮೀನಿನವಳು ಬಂಗಡೆ ಅಂತ ಹೇಳಿ ಬೇರೆ ಮೀನು ಕೊಡಲಿ ಕಾಂಬ, ಮರುದಿನ ಅವಳಿಗೆ ಅಂಗಳದಲ್ಲಿ ಪೂಜೆ ಆಗ್ತದೆ.

1954ರಲ್ಲಿ ಫೇರ್‌ಟ್ರೈ ಅಂಬ ಬ್ರಿಟಿಷ್ ಹಡಗು ಬಂತು. ಸಮುದ್ರದಲ್ಲೇ ಹಿಡಿದು, ಸಮುದ್ರದಲ್ಲೇ ಕೊಯ್ದು, ಅಲ್ಲೇ ಹೆಪ್ಪುಗಟ್ಟಿಸುವ ಹಡಗು. ಅದರ ಹಿಂದೆ ಎಷ್ಟೋ ದೇಶದವರು ಅಂಥದ್ದೇ ಕಟ್ಟಿಸಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಸಮುದ್ರಕ್ಕೆ ಇಳಿದರು. ನೂರಾರು ವರ್ಷ ಜನ ಹಿಡಿದು ತಿಂದರೂ ಮುಗಿಯದ ಕಾಡ್ ಮೀನು ನಲವತ್ತು ವರ್ಷದ ಒಳಗೆ ಮುಗಿದೇ ಹೋಯ್ತು. 1992ರ ಜುಲೈ 2ಕ್ಕೆ ಕೆನಡಾ ಸರ್ಕಾರ ಅಲ್ಲಿ ಕಾಡ್ ಹಿಡಿಯುವುದನ್ನು ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯ್ತು. ಬೋಟಿನ ಗಂಡಸರು ಮಾತ್ರ ಅಲ್ಲ, ಮೀನು ಕೊಯ್ಯುವ ಕಾರ್ಖಾನೆಗೆ ಹೋಪ ಹೆಂಗಸರೂ ಮನೆಯಲ್ಲಿ ಕೂತರು.

ಇದನ್ನು ಓದುವಾಗ ನಮ್ಮ ರಂಪಣಿ ನೆನಪಾಯ್ತು. ದಡದಲ್ಲಿ ನಿಂತು ಹತ್ತಾರು ಜನ ಎಳೆಯುವ ಆ ದೊಡ್ಡ ಬಲೆ. 1970ರ ದಶಕದ ನಡುವಿಗೆ ಪರ್ಸೀನ್ ಬೋಟು ಬಂದದ್ದೇ, ಕೆಲವೇ ವರ್ಷಕ್ಕೆ ದೊಡ್ಡ ರಂಪಣಿ ಮೂಲೆ ಸೇರಿತು. ನಮ್ಮ ಕರಾವಳಿಗೆ ಹೆಪ್ಪುಗಟ್ಟಿಸುವ ವಿದ್ಯೆ ಬಂದದ್ದೂ ಹಳೆ ಕಥೆಯೇ. ನಾರ್ವೆ ದೇಶದವರು 1953ರಲ್ಲಿ ಕೇರಳದ ಕೊಲ್ಲಂ ಹತ್ರ ಮೋಟಾರ್ ಬೋಟು, ಐಸ್ ಕಾರ್ಖಾನೆ ಅಂತ ಯೋಜನೆ ಶುರು ಮಾಡಿದರು, 1963ರಲ್ಲಿ ಅದು ಕಾರವಾರಕ್ಕೂ ಬಂತು. ಆಗ ಹೆಪ್ಪುಗಟ್ಟಿಸಿದ್ದು ನಾವು ಚಟ್ಲಿ ಅಂಬ ಸಿಗಡಿಯನ್ನು, ಅದೂ ಹೊರದೇಶಕ್ಕೆ. ನಮಗೆ ಬಂದದ್ದು ಬರೀ ತಲೆ ಸಿಪ್ಪೆಯ ವಾಸನೆ!

ಆಮೇಲೆ ರಾಣಿ ಮೀನಿನ ಕಾಲ. ತುಳುವರು ಮದ್ಮಾಲ್, ಅಂದರೆ ಮದುಮಗಳು ಅಂತಾರೆ, ಕೆಂಪು ಬಣ್ಣಕ್ಕೆ. ಮೊದಲು ಅದಕ್ಕೆ ಅಷ್ಟು ಬೆಲೆ ಇರಲಿಲ್ಲ. 1960ರ ಸುಮಾರಿಗೆ ಜಪಾನಿನ ಹೊಕ್ಕೈಡೊದಲ್ಲಿ ಒಂದು ಸಂಗತಿ ಕಂಡುಹಿಡಿದಿದ್ದರು. ಅರೆದು ತೊಳೆದ ಮೀನಿಗೆ ಸಕ್ಕರೆ ಬೆರೆಸಿ ಹೆಪ್ಪುಗಟ್ಟಿಸಿದರೆ ತಿಂಗಳುಗಟ್ಟಲೆ ಹದ ಕೆಡುವುದಿಲ್ಲ ಅಂತ. ಅದಕ್ಕೆ ಸುರಿಮಿ ಅಂತಾರೆ. 1990ರ ದಶಕದಿಂದ ಈಚೆಗೆ ನಮ್ಮ ಪಡುಗಡಲಿನ ರಾಣಿ ಮೀನು ಸುರಿಮಿ ಆಗಿ ಹಡಗು ಹತ್ತಿತು. ಪೆಟ್ಟಿಗೆಯ ಹಿಂದೆ ಸಕ್ಕರೆ ಅಂತ ಬರೆದದ್ದು ಕಂಡರೆ, ಮೀನಿಗೆ ಎಂತಕ್ಕೆ ಸಕ್ಕರೆ ಅಂತ ಕೇಳೂದ್ ಬ್ಯಾಡ, ಇದೂ ಒಂದು ಕಾರಣ ಇಪ್ಪುಕೆ ಸಾಕು.

ಹಾಗಾಗಿ ನಾನು ಸೊಸಿಗೆ ಹೇಳಿದ್ದು ಒಂದೇ. ತಾ, ಆದರೆ ಹೆಸರು ಓದಿ ತಾ. ಬರೀ 'ಬಿಳಿ ಮೀನು' ಅಂತ ಬರೆದದ್ದು ಬ್ಯಾಡ. ಬಾಸಾ ಆದರೆ ಬಾಸಾ ಅಂತ ಇರಲಿ, ಅದು ಮೊದಲಿಗೆ ವಿಯೆಟ್ನಾಮಿನ ಮೆಕಾಂಗ್ ಹೊಳೆಯ ಕಡೆಯಿಂದ ಬಂದ ಸಾಕಿದ ಸಿಹಿನೀರಿನ ಮೀನು. ಮೀನು ಶೇಕಡಾ ಎಷ್ಟು, ಬಟಾಟೆ ಎಷ್ಟು ಅಂತಲೂ ಕಾಣ್ಕ್. ಬಟಾಟೆಯೇ ಜಾಸ್ತಿ ಇದ್ದರೆ ಅದು ಕಟ್ಲೆಟ್, ಅದನ್ನು ಮನೆಯಲ್ಲೇ ಮಾಡಬಹುದು, ಅರ್ಧ ದುಡ್ಡಿಗೆ.

ಸರಿ, ಬೇಯಿಸುವುದು. ಮೇಲೆ ಹೇಳಿದೆನಲ್ಲ, ಕಾರ್ಖಾನೆಯಲ್ಲಿ ಎಣ್ಣೆಗೆ ಹಾಕುವುದು ಕ್ಷಣ ಮಾತ್ರ, ಹೊರಗಿನ ಪುಡಿ ಅಂಟಿಕೊಳ್ಳಲಿ ಅಂತ. ಹೊರಗೆ ಕೆಂಪಗೆ ಕಂಡರೂ ಹೆಚ್ಚಿನವುಗಳ ಒಳಗೆ ಮೀನು ಹಸಿಯೇ. ಬಿಸಿ ಆದರೆ ಸಾಕ್ ಅಂತ ಮಕ್ಕಳಿಗೆ ಕೊಡೂಕಾಗ. ಪೆಟ್ಟಿಗೆಯ ಮೇಲೆ ಬೇರೆ ರೀತಿ ಬರೆದಿರದಿದ್ದರೆ ಕರಗಿಸುವುದೂ ಬ್ಯಾಡ. ಕರಗಿದರೆ ಪುಡಿ ಒದ್ದೆಯಾಗಿ ಕಾವಲಿಗೆ ಹಿಡಿದು ಬಿಚ್ಚಿ ಹೋಗ್ತದೆ. ಫ್ರೀಜರಿನಿಂದ ನೇರ ಕಾವಲಿಗೆ. ನಮ್ಮನೆಯ ಕಬ್ಬಿಣದ ದೋಸೆ ಕಾವಲಿಯಷ್ಟು ಚಂದ ಯಾವುದರಲ್ಲೂ ಬಪ್ಪುದಿಲ್ಲ. ಕಾವಲಿ ಕಾಯ್ಕ್, ಎರಡು ಮೂರು ಚಮಚ ತೆಂಗಿನೆಣ್ಣೆ ಹೊಯ್ಕ್, ಟಿಕ್ಕಿ ಇಟ್ಟ ಮೇಲೆ ಉರಿ ಮಧ್ಯಮಕ್ಕೆ ಇಳಿಸ್ಕ್. ಜೋರು ಉರಿಯಲ್ಲಿ ಹೊರಗೆ ಕಪ್ಪು, ಒಳಗೆ ಐಸು. ಒಂದೊಂದು ಮಗ್ಗುಲಿಗೆ ನಾಲ್ಕೈದು ನಿಮಿಷ. ದಪ್ಪ ಇದ್ದರೆ ಮೊದಲ ಎರಡು ನಿಮಿಷ ಮುಚ್ಚಿ, ಆಮೇಲೆ ಮುಚ್ಚಳ ತೆಗೀರಿ, ಇಲ್ಲದಿದ್ದರೆ ಆವಿಗೆ ಮೆತ್ತಗಾಗ್ತದೆ. ನಡುವೆ ಮುರಿದು ಕಾಣಿ. ಬಿಳಿಯಾಗಿ ಎಸಳು ಬಿಡಬೇಕು, ಹಬೆ ಏಳಬೇಕು. ಉಪ್ಪು ಹಾಕುವುದು ಬೇಡ, ಅದರಲ್ಲೇ ಬೇಕಾದಷ್ಟು ಇರ್ತದೆ.

ಆಸಾಡಿಯ ಮಳೆಗೆ ಕರೆಂಟು ಹೋಪ ದಿನಗಳಲ್ಲಿ ಪೆಟ್ಟಿಗೆ ತಂದು ಇಡೂದ್ ಬ್ಯಾಡ. ಇದಕ್ಕೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ತಂಪು ಬೇಕು. ಅಂಗಡಿಯಲ್ಲಿ ಪೆಟ್ಟಿಗೆ ಅಲ್ಲಾಡಿಸಿ, ಒಳಗೆ ಟಿಕ್ಕಿಗಳು ಬಿಡಿಬಿಡಿಯಾಗಿ ಕಡಕಡ ಅನ್ನಬೇಕು. ಒಂದೇ ಮುದ್ದೆಯಾಗಿದ್ದರೆ, ಒಳಗೆ ಹಿಮ ಕಟ್ಟಿದ್ದರೆ, ಅದು ಒಮ್ಮೆ ಕರಗಿ ಪುನಃ ಗಟ್ಟಿಯಾದ್ದು. ಅಲ್ಲೇ ಬಿಟ್ಟು ಬನ್ನಿ. ಅಂಥ ದಿನಕ್ಕೆ ಒಣ ಮೀನಿನ ಚಟ್ನಿ ಇಲ್ದಾ?

ಇನ್ನು ಸಾಸ್. ಪರದೇಶದ ಕ್ರಮದಲ್ಲಿ ಮೇಯೊನೀಸಿಗೆ ಉಪ್ಪಿನಕಾಯಿ ಹಾಕಿದ ಸಣ್ಣ ಸೌತೆ ಕೊಚ್ಚಿ ಬೆರೆಸ್ತಾರೆ. ಗರ್ಕಿನ್ ಅಂತ ಅದರ ಹೆಸರು, ತುಮಕೂರು, ಹಾಸನ, ಹಾವೇರಿ ಕಡೆಯ ರೈತರು ಬೆಳೆದು ಹೊರದೇಶಕ್ಕೆ ಹೋಪುದು ಅದು. ನಾನು ಮಾಡುವುದು ಮಾವಿನ ಮಿಡಿ ಉಪ್ಪಿನಕಾಯಿ. ಒಂದು ಮಿಡಿಯ ಖಾರ ತೊಳೆದು ಸಣ್ಣಗೆ ಕೊಚ್ಚಿ, ಒಂಚೂರು ನೀರುಳ್ಳಿ ಸೇರಿಸಿ, ಎರಡು ಚಮಚ ಮೇಯೊನೀಸ್, ಒಂದು ಚಮಚ ಗಟ್ಟಿ ಮೊಸರು. ಬನ್ನನ್ನು ಅದೇ ಕಾವಲಿಯಲ್ಲಿ ಒಳಮುಖ ಮಾಡಿ ಬೆಚ್ಚಗೆ ಮಾಡ್ಕ್. ಮೊಮ್ಮಗಳು ಎರಡು ತಿಂತಾಳೆ. ನಮ್ಮ ಅತ್ತೆಯವರು, ಹಲ್ಲಿಲ್ಲದವರು, ಬನ್ನು ಬದಿಗಿಟ್ಟು ಟಿಕ್ಕಿ ಮಾತ್ರ ಗಂಜಿಗೆ ಕಚ್ಚಿಕೊಂತಾರೆ. ಮೀನು ಯಾವ್ದಂತೆ ಅಂತ ಒಮ್ಮೆ ಕೇಳ್ತಾರೆ, ಬಾಸಾ ಅಂದರೆ "ಅದೆಂಥ ಜಾತಿಯೋ" ಅಂತಾರೆ, ಇನ್ನೊಂದು ಹಾಕು ಅಂತಾರೆ.