ಮಗು ಸಸಿಯೋ ತೋಟಗಾರನೋ: ಫ್ರೋಬೆಲ್‌ನ ಮಕ್ಕಳ ತೋಟ ಕಲಿಸಿದ ವಿಶ್ವಾಸ

ಮಕ್ಕಳನ್ನು ದೇವಭಕ್ತಿಯಲ್ಲಿ ಬೆಳೆಸುವುದು ಹೇಗೆಂದು ಬರೆದ ಕ್ರೈಸ್ತ ಗುರುಗಳಲ್ಲಿ ಹಲವರು ತೋಟದ ಮಾತನ್ನು ಎತ್ತಿದ್ದಾರೆ. ಮಗು ಎಳೆಯ ಸಸಿ, ಹೆತ್ತವರು ಮತ್ತು ಉಪದೇಶಕರು ಅದನ್ನು ನೋಡಿಕೊಳ್ಳುವ ತೋಟಗಾರರು ಎಂಬ ಚಿತ್ರ ಬಹಳ ಹಳೆಯದು. ಮೊರಾವಿಯಾದಲ್ಲಿ 1592ರಲ್ಲಿ ಹುಟ್ಟಿದ ಯಾನ್ ಆಮೋಸ್ ಕೊಮೆನಿಯಸ್ ಈ ಚಿತ್ರವನ್ನು ಒಂದು ಶಿಕ್ಷಣ ಸಿದ್ಧಾಂತವಾಗಿಯೇ ಕಟ್ಟಿದ. ಸಹೋದರರ ಸಭೆಯ ಬಿಷಪ್ ಆಗಿದ್ದ ಆತ ಮೂವತ್ತು ವರ್ಷಗಳ ಯುದ್ಧದಲ್ಲಿ ನೆಲೆ ಕಳೆದುಕೊಂಡು ಅಲೆದವನು. ಹಾಳಾದ ಲೋಕವನ್ನು ಮತ್ತೆ ದೇವರ ತೋಟವಾಗಿಸಬೇಕಾದರೆ ಎಳೆಯ ಗಿಡಗಳಿಂದಲೇ, ಅಂದರೆ ಮಕ್ಕಳಿಂದಲೇ, ಆರಂಭಿಸಬೇಕು ಎಂಬುದು ಅವನ ನಂಬಿಕೆ. 1657ರಲ್ಲಿ ಲ್ಯಾಟಿನ್‌ನಲ್ಲಿ ಅಚ್ಚಾದ ಬೋಧನಶಾಸ್ತ್ರದ ತನ್ನ ದೊಡ್ಡ ಗ್ರಂಥದಲ್ಲಿ, ಶಾಲೆಯ ಪಕ್ಕದಲ್ಲೊಂದು ತೋಟವಿರಬೇಕು, ಮಕ್ಕಳು ಅಲ್ಲಿನ ಮರ, ಹೂ, ಮೂಲಿಕೆಗಳನ್ನು ಕಣ್ತುಂಬ ನೋಡಬೇಕು ಎಂದೂ ಆತ ಬರೆದ. ಅಲ್ಲಿ ಮಕ್ಕಳ ಪಾಲಿನ ಕೆಲಸ ನೋಡುವುದು. ಗುದ್ದಲಿ ಅವರ ಕೈಗೆ ಬರಲು ಇನ್ನೂ ಬಹುಕಾಲ ಕಾಯಬೇಕಿತ್ತು. ಮಗು ಸಸಿಯ ಸ್ಥಾನದಿಂದ ಎದ್ದು ತೋಟಗಾರನ ಸ್ಥಾನಕ್ಕೆ ಬಂದ ದಿನವೇ ತೋಟವು ಕ್ರೈಸ್ತ ವಿಶ್ವಾಸದ ನಿಜವಾದ ಪಾಠಶಾಲೆಯಾಯಿತು ಎಂಬುದು ಈ ಲೇಖನದ ವಾದ. ಆ ಬದಲಾವಣೆಯನ್ನು ಪೂರ್ಣವಾಗಿ ಆಗುಮಾಡಿದವನು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್.

ಮಗುವನ್ನು ಬರೀ ಸಸಿಯೆಂದು ಕಂಡರೆ ಎರಡು ದಾರಿಗಳು ತೆರೆಯುತ್ತವೆ. ಸಸಿ ಎಳೆಯದಾಗಿರುವಾಗಲೇ ಬೇಕಾದ ಕಡೆಗೆ ಬಗ್ಗಿಸಬೇಕು ಎನ್ನುವುದು ಒಂದು. ಹಾಲೆ ನಗರದಲ್ಲಿ 1695ರಲ್ಲಿ ಬಡಮಕ್ಕಳ ಶಾಲೆ ತೆರೆದ ಔಗುಸ್ಟ್ ಹೆರ್ಮನ್ ಫ್ರಾಂಕೆ ದೊಡ್ಡ ಹೃದಯದ ಮನುಷ್ಯ. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರಗಳನ್ನು ಕೊಟ್ಟ ಸಂಸ್ಥೆ ಅವನದು. ಆದರೂ ಜನ್ಮಪಾಪದಿಂದ ಕೆಟ್ಟಿರುವ ಮಗುವಿನ ಸ್ವಂತ ಇಚ್ಛೆಯನ್ನು ಮುರಿಯದೆ ಭಕ್ತಿ ಬೇರೂರದು ಎಂದೇ ಅವನು ನಂಬಿದ್ದ. ಸಸಿಯನ್ನು ಅದರ ಪಾಡಿಗೆ ಬಿಟ್ಟರೆ ತಾನೇ ನೇರವಾಗಿ ಬೆಳೆಯುತ್ತದೆ ಎನ್ನುವುದು ಇನ್ನೊಂದು ದಾರಿ. 1762ರಲ್ಲಿ ‘ಎಮಿಲ್’ ಬರೆದ ರೂಸೋ ಈ ಕಡೆಗೆ ವಾಲಿದವನು. ಗಮನಿಸಬೇಕಾದ ಸಂಗತಿಯೆಂದರೆ, ರೂಸೋ ತನ್ನ ಬಾಲಕನಿಂದ ಅವರೆಜಾತಿಯ ಬೀಜಗಳನ್ನು ಬಿತ್ತಿಸುತ್ತಾನೆ. ಬಾಲಕ ದಿನವೂ ನೀರು ಹಾಕಿ ಸಂತೋಷಪಡುತ್ತಾನೆ. ಒಂದು ದಿನ ತೋಟದ ಮಾಲಿ ಎಲ್ಲವನ್ನೂ ಕಿತ್ತೆಸೆದಿರುತ್ತಾನೆ, ಏಕೆಂದರೆ ಅದೇ ನೆಲದಲ್ಲಿ ಅವನು ಮೊದಲೇ ಕರ್ಬೂಜದ ಬೀಜ ಹಾಕಿದ್ದ. ಈ ಘಟನೆಯಿಂದ ಬಾಲಕ ಕಲಿಯುವುದು ಆಸ್ತಿಯ ಹಕ್ಕನ್ನು. ನೆಲ ಯಾರದು ಎಂಬ ಪ್ರಶ್ನೆ ಅಲ್ಲಿ ಬಗೆಹರಿಯುತ್ತದೆ, ಬೀಜವನ್ನು ಬೆಳೆಸಿದವರು ಯಾರು ಎಂಬ ಪ್ರಶ್ನೆ ಏಳುವುದೇ ಇಲ್ಲ. ಮಗುವಿನ ಕೈಗೆ ಮಣ್ಣು ಕೊಟ್ಟ ಮಾತ್ರಕ್ಕೆ ವಿಶ್ವಾಸದ ಪಾಠ ಆಗಿಬಿಡುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಫ್ರೋಬೆಲ್ ಹುಟ್ಟಿದ್ದು 1782ರ ಏಪ್ರಿಲ್ 21ರಂದು, ತುರಿಂಗಿಯಾ ಕಾಡುಸೀಮೆಯ ಓಬರ್‌ವೈಸ್‌ಬಾಖ್ ಎಂಬ ಊರಿನಲ್ಲಿ. ತಂದೆ ಲೂಥರನ್ ಸಭೆಯ ಪಾದ್ರಿ, ಕಟ್ಟುನಿಟ್ಟಿನ ಮನುಷ್ಯ. ಮಗುವಿಗೆ ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ಆ ಮನೆಯಲ್ಲಿ ಹುಡುಗನಿಗೆ ಸಿಕ್ಕ ಬಿಡುವಿನ ಜಾಗವೆಂದರೆ ಪಾದ್ರಿಮನೆಯ ತೋಟ. ಹತ್ತು ವರ್ಷದ ಹೊತ್ತಿಗೆ ಸೋದರಮಾವ ಅವನನ್ನು ಸ್ಟಾಟ್‌ಇಲ್ಮ್‌ಗೆ ಕರೆದೊಯ್ದ. ಆತನೂ ಪಾದ್ರಿಯೇ, ಆದರೆ ಅವನ ಮನೆಯಲ್ಲಿ ಧರ್ಮವೆಂದರೆ ಭಯವಾಗಿರಲಿಲ್ಲ, ವಾತ್ಸಲ್ಯವಾಗಿತ್ತು. ಒಂದೇ ಸಭೆಯ, ಒಂದೇ ನಂಬಿಕೆಯ ಎರಡು ಮನೆಗಳು ಒಂದು ಮಗುವಿನ ಮೇಲೆ ಎಷ್ಟು ಬೇರೆ ಪರಿಣಾಮ ಮಾಡಬಲ್ಲವು ಎಂಬುದನ್ನು ಫ್ರೋಬೆಲ್ ಎಳವೆಯಲ್ಲೇ ಕಂಡುಕೊಂಡ. ಮುಂದೆ ಅರಣ್ಯಾಧಿಕಾರಿಯೊಬ್ಬನ ಕೈಕೆಳಗೆ ಎರಡು ವರ್ಷ ಕೆಲಸ ಕಲಿತ, ಯೆವರ್ಡನ್‌ನಲ್ಲಿ ಸ್ವಿಸ್ ಶಿಕ್ಷಣತಜ್ಞ ಪೆಸ್ಟಲೋಜಿಯ ಶಾಲೆಯಲ್ಲಿ 1808ರಿಂದ 1810ರವರೆಗೆ ಇದ್ದ, ಬರ್ಲಿನ್‌ನಲ್ಲಿ ಖನಿಜಶಾಸ್ತ್ರ ಓದಿದ. 1817ರಲ್ಲಿ ಅವನ ಶಾಲೆ ಕೈಲ್‌ಹೌ ಹಳ್ಳಿಯಲ್ಲಿ ನೆಲೆಗೊಂಡಿತು. 1826ರಲ್ಲಿ ಪ್ರಕಟವಾದ ‘ಮನುಷ್ಯನ ಶಿಕ್ಷಣ’ ಗ್ರಂಥದಲ್ಲಿ ಅವನು ದ್ರಾಕ್ಷಿಬಳ್ಳಿಯ ಮಾತನ್ನು ತರುತ್ತಾನೆ. ಬಳ್ಳಿಯನ್ನು ಕತ್ತರಿಸಬೇಕು ನಿಜ, ಆದರೆ ಕತ್ತರಿಯಿಂದಲೇ ಹಣ್ಣು ಬರುವುದಿಲ್ಲ. ಬಳ್ಳಿಯ ಸ್ವಭಾವ ಅರಿಯದೆ ಕತ್ತರಿಸುವವನು ಎಷ್ಟೇ ಒಳ್ಳೆಯ ಮನಸ್ಸಿನವನಾದರೂ ಅದನ್ನು ಕೊಲ್ಲಬಹುದು ಎಂಬುದು ಅವನ ಎಚ್ಚರಿಕೆ. ದ್ರಾಕ್ಷಾಬಳ್ಳಿಯ ಸಾಮ್ಯವನ್ನು ಬಾಲ್ಯದಿಂದ ಕೇಳಿದ ಪಾದ್ರಿಯ ಮಗನ ಮಾತು ಇದು.

1840ರ ಜೂನ್ 28ರಂದು ಫ್ರೋಬೆಲ್ ತನ್ನ ಕಿಂಡರ್‌ಗಾರ್ಟನ್, ಅಂದರೆ ‘ಮಕ್ಕಳ ತೋಟ’ದ, ಯೋಜನೆಯನ್ನು ಬ್ಲಾಂಕನ್‌ಬುರ್ಗ್‌ನಲ್ಲಿ ಜನರ ಮುಂದಿಟ್ಟ. ಮರದ ಚೆಂಡು, ಘನ, ಸಿಲಿಂಡರ್‌ಗಳಂಥ ಅವನ ಆಟಿಕೆಗಳು ಹೆಚ್ಚು ಹೆಸರುವಾಸಿಯಾದವು. ಆದರೆ ಮಣ್ಣಿನ ತೋಟವಿಲ್ಲದ ಕಿಂಡರ್‌ಗಾರ್ಟನ್ ಅವನ ಲೆಕ್ಕದಲ್ಲಿ ಅಪೂರ್ಣವಾಗಿತ್ತು. ಆ ತೋಟ ಹೇಗಿರಬೇಕೆಂದು ಅವನು ವಿವರವಾಗಿ ಬರೆದಿಟ್ಟ. ನಡುವೆ ಪ್ರತಿ ಮಗುವಿಗೂ ಅದರದೇ ಒಂದು ಪುಟ್ಟ ಮಡಿ. ಸುತ್ತಲೂ ಎಲ್ಲರಿಗೂ ಸೇರಿದ ದೊಡ್ಡ ಮಡಿಗಳು, ಅವುಗಳಲ್ಲಿ ಒಂದು ಕಡೆ ಹೂಗಿಡ, ಇನ್ನೊಂದು ಕಡೆ ತರಕಾರಿ ಮತ್ತು ಹೊಲದ ಬೆಳೆ. ಗಿಡದ ಹೆಸರು ಹಾಗೂ ಮಡಿಯ ಒಡೆಯನಾದ ಮಗುವಿನ ಹೆಸರನ್ನು ಪುಟ್ಟ ಫಲಕದಲ್ಲಿ ಬರೆದು ನೆಡಬೇಕು. ತನ್ನ ಮಡಿಯಲ್ಲಿ ಮಗು ಏನನ್ನು ಬೇಕಾದರೂ ಬಿತ್ತಬಹುದು, ಹೇಗೆ ಬೇಕಾದರೂ ನೋಡಿಕೊಳ್ಳಬಹುದು; ಅಡ್ಡಾದಿಡ್ಡಿಯಾಗಿ ನಡೆಸಿಕೊಂಡರೆ ಗಿಡ ಬಾಡಿ ತಾನೇ ಪಾಠ ಹೇಳುತ್ತದೆ. ಸಾಮೂಹಿಕ ಮಡಿಗಳ ಕಳೆ ಕೀಳುವುದು, ನೀರು ಹಾಕುವುದು ಎಲ್ಲರ ಪಾಲಿನ ಕೆಲಸ. ಒಬ್ಬನ ಮಡಿಯನ್ನು ಎಲ್ಲರ ಮಡಿಗಳು ಸುತ್ತುವರಿದು ಕಾಯುವ ಈ ವಿನ್ಯಾಸವನ್ನು ಅವನು ಬೇಕೆಂದೇ ಮಾಡಿದ್ದ. ಮಕ್ಕಳಿಗೆ ತೋಟಗೆಲಸ ಕೊಟ್ಟವರಲ್ಲಿ ಅವನೇ ಮೊದಲಿಗನಲ್ಲ. ಪಾದ್ರಿಯಾಗಿದ್ದ ಜಾಲ್ಟ್ಸ್‌ಮನ್ 1784ರಲ್ಲಿ ಶ್ನೆಪ್ಫೆನ್‌ಟಾಲ್‌ನಲ್ಲಿ ತೆರೆದ ಶಾಲೆಯಲ್ಲೂ ಹುಡುಗರು ತೋಟದಲ್ಲಿ ದುಡಿಯುತ್ತಿದ್ದರು. ಆದರೆ ಇನ್ನೂ ಓದು ಬಾರದ ಮೂರರಿಂದ ಆರು ವರ್ಷದ ಕೂಸುಗಳಿಗೆ ಮಡಿಯ ಹೊಣೆಯನ್ನೂ ಅದರ ಸೋಲನ್ನೂ ಒಪ್ಪಿಸಿದ್ದು ಫ್ರೋಬೆಲ್‌ನ ಧೈರ್ಯ.

ಈ ಮಡಿಗಳಲ್ಲಿ ಮಗು ಕಲಿತ ವಿಶ್ವಾಸ ಯಾವುದು? ಮೊದಲನೆಯದು, ದುಡಿಮೆ ತನ್ನದು, ಬೆಳೆಸುವ ಶಕ್ತಿ ತನ್ನದಲ್ಲ ಎಂಬ ಅರಿವು. ನೀರು ಹಾಕದಿದ್ದರೆ ಗಿಡ ಸಾಯುತ್ತದೆ, ಆದ್ದರಿಂದ ಮಗುವಿನ ಕೆಲಸಕ್ಕೆ ಬೆಲೆಯಿದೆ. ಆದರೆ ಎಷ್ಟೇ ನೀರು ಹಾಕಿದರೂ ಮೊಳಕೆಯನ್ನು ಹೊರಗೆ ಎಳೆಯಲು ಬರುವುದಿಲ್ಲ. ಕೊರಿಂಥದ ಸಭೆಯವರು ಪೌಲನ ಪಕ್ಷ, ಅಪೊಲ್ಲೋಸನ ಪಕ್ಷ ಎಂದು ಕಿತ್ತಾಡಿದಾಗ ಪೌಲನು ಬರೆದು ಕಳಿಸಿದ ಬುದ್ಧಿಮಾತು ಇದೇ: ನೆಟ್ಟವನೂ ನೀರು ಹೊಯ್ದವನೂ ಕೆಲಸದವರು, ಬೆಳೆಸಿದವನು ದೇವರು. ಕೃಪೆ ಮತ್ತು ಕ್ರಿಯೆಗಳ ಸಂಬಂಧವನ್ನು ಕುರಿತು ದೇವಶಾಸ್ತ್ರಜ್ಞರು ಶತಮಾನಗಟ್ಟಲೆ ವಾದಿಸಿದ್ದನ್ನು ನಾಲ್ಕು ವರ್ಷದ ಮಗು ಮಾತಿಲ್ಲದೆ ಅನುಭವಿಸುತ್ತದೆ. ಎರಡನೆಯದು, ಕಾಯುವುದು. ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಬಿತ್ತಿದವನು ಮಲಗಿ ಏಳುವ ಹೊತ್ತಿನಲ್ಲೇ ಅವನಿಗೆ ತಿಳಿಯದಂತೆ ಪೈರು ಬೆಳೆಯುವ ಒಂದು ಚಿಕ್ಕ ಸಾಮ್ಯವಿದೆ. ಬೀಜ ಹಾಕಿದ ಮರುದಿನವೇ ಮಣ್ಣು ಕೆದಕಿ ನೋಡಿ ಮೊಳಕೆ ಮುರಿದ ಮಗುವಿಗೆ ಈ ಸಾಮ್ಯದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯದು, ಒಬ್ಬರ ಬೆಳೆ ಎಲ್ಲರ ನಡುವೆ ಬೆಳೆಯುತ್ತದೆ ಎಂಬುದು. ನೆರೆಯ ಮಡಿಯ ಕಳೆ ನನ್ನ ಮಡಿಗೂ ಹಬ್ಬುತ್ತದೆ, ಕಾಯಿಲೆ ಬಿದ್ದ ಗೆಳೆಯನ ಮಡಿಗೆ ನಾನು ನೀರು ಹಾಕಿದರೆ ಮಾತ್ರ ಅದು ಉಳಿಯುತ್ತದೆ. ಸಭೆ ಎಂದರೇನೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಆರಂಭ ಇರಲಾರದು. ಈ ಮೂರೂ ದಕ್ಕುವುದು ತೋಟಗಾರನಿಗೆ. ಇನ್ನೊಬ್ಬರು ನೋಡಿಕೊಳ್ಳುವ ಸಸಿಗೆ ಹೊಣೆಯೂ ಇಲ್ಲ, ಕಾಯುವ ಕಷ್ಟವೂ ಇಲ್ಲ, ನೆರೆಯವನ ಚಿಂತೆಯೂ ಇಲ್ಲ.

ಫ್ರೋಬೆಲ್‌ನದು ಕ್ರೈಸ್ತ ವಿಶ್ವಾಸವೇ ಅಲ್ಲ, ಪ್ರಕೃತಿಪೂಜೆ ಎಂಬ ಆಕ್ಷೇಪ ಅವನ ಕಾಲದಲ್ಲೇ ಎದ್ದಿತ್ತು. ದೇವರು ಎಲ್ಲದರಲ್ಲೂ ವ್ಯಾಪಿಸಿರುವ ಏಕತೆ ಎಂದು ಅವನು ಬರೆದದ್ದು ಸಾಂಪ್ರದಾಯಿಕರ ಕಿವಿಗೆ ಸರ್ವೇಶ್ವರವಾದದಂತೆ ಕೇಳಿಸಿತು. ಮಗುವಿನ ಒಳಗಿನ ಒಳ್ಳೆಯತನದ ಮೇಲೆ ಅವನಿಟ್ಟ ಭರವಸೆ ಜನ್ಮಪಾಪದ ಬೋಧೆಗೆ ಎದುರಾಗಿ ಕಂಡಿತು. 1851ರ ಆಗಸ್ಟ್ 7ರಂದು ಪ್ರಷ್ಯಾದ ಸಚಿವ ಕಾರ್ಲ್ ಫಾನ್ ರೌಮರ್ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿದ. ಅವು ಮಕ್ಕಳನ್ನು ನಾಸ್ತಿಕತೆಗೆ ಒಯ್ಯುವ ಸಮಾಜವಾದಿ ಯೋಜನೆಯ ಭಾಗ ಎಂಬುದು ಆರೋಪ. ಫ್ರೋಬೆಲ್‌ನ ಅಣ್ಣನ ಮಗ ಕಾರ್ಲ್ ಫ್ರೋಬೆಲ್ ಬರೆದ ಪುಸ್ತಿಕೆಯನ್ನು ಇವನ ತಲೆಗೆ ಕಟ್ಟಿದ ಗೊಂದಲವೂ ಅದರಲ್ಲಿತ್ತು. ಮನವಿ ಮಾಡಿಕೊಂಡರೂ ಆಜ್ಞೆ ಸಡಿಲಲಿಲ್ಲ. 1852ರ ಜೂನ್ 21ರಂದು ಆ ಕಳಂಕ ತೊಳೆಯದೆಯೇ ಅವನು ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ. ಅವನ ದೇವಶಾಸ್ತ್ರ ಪ್ರತಿ ಸಾಲಿನಲ್ಲೂ ಸಭೆಯ ವಿಶ್ವಾಸಪ್ರಮಾಣಕ್ಕೆ ಹೊಂದುತ್ತದೆಂದು ಸಾಧಿಸುವುದು ಕಷ್ಟ, ಸಾಧಿಸಬೇಕಾಗಿಯೂ ಇಲ್ಲ. ಆದರೆ ನಾಸ್ತಿಕತೆಯ ಆರೋಪ ಅವನ ಬರಹದ ಮುಂದೆ ನಿಲ್ಲುವುದಿಲ್ಲ. ತಾಯಂದಿರಿಗಾಗಿ 1844ರಲ್ಲಿ ಅವನು ಹೊರತಂದ ಹಾಡಾಟಗಳ ಪುಸ್ತಕದಲ್ಲಿ ಪುಟ್ಟ ತೋಟದ ಆಟವೂ ಇದೆ, ಚರ್ಚಿನ ಬಾಗಿಲಿನ ಆಟವೂ ಇದೆ. ಇನ್ನು ಪಾಪದ ಮಾತು. ಕಳೆಯಿಲ್ಲದ ತೋಟವಿಲ್ಲ; ಅದನ್ನು ದಿನವೂ ಬಗ್ಗಿ ಕೀಳುವ ಮಗುವಿಗೆ ಕೆಡುಕು ಕರೆಯದೆಯೇ ಬರುತ್ತದೆ ಎಂಬ ಸತ್ಯವನ್ನು ಯಾರೂ ಮುಚ್ಚಿಡಲಾರರು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ತೋಟ ಸೃಷ್ಟಿಕರ್ತನನ್ನು ತೋರಿಸಬಹುದು, ಶಿಲುಬೆಯನ್ನೂ ಪುನರುತ್ಥಾನವನ್ನೂ ತೋರಿಸಲಾರದು. ಅದಕ್ಕೆ ವಾಕ್ಯವೇ ಬೇಕು. ಇದು ಸಂಪೂರ್ಣ ನಿಜ. ಹುರುಳಿಗಿಡವನ್ನು ಎಷ್ಟು ಹೊತ್ತು ನೋಡುತ್ತ ಕುಳಿತರೂ ಸುವಾರ್ತೆ ತಿಳಿಯದು. ಆದರೆ ಆ ವಾಕ್ಯವನ್ನು ಸಾರಿದವನು ಯಾರ ಮುಂದೆ, ಯಾವ ಮಾತಿನಲ್ಲಿ ಸಾರಿದ ಎಂಬುದನ್ನು ನೆನೆಯಬೇಕು. ಬಿತ್ತುವವನು, ಸಾಸಿವೆಕಾಳು, ಫಲ ಕೊಡದ ಅಂಜೂರದ ಮರ, ನೆಲಕ್ಕೆ ಬಿದ್ದು ಸತ್ತರೆ ಮಾತ್ರ ತೆನೆಯಾಗುವ ಗೋದಿಯ ಕಾಳು ಇವೆಲ್ಲ ಮಣ್ಣನ್ನು ಬಲ್ಲವರಿಗೆ ಹೇಳಿದ ಮಾತುಗಳು. ಕೇಳುಗರಲ್ಲಿ ಮಣ್ಣಿನ ಅನುಭವ ಇದ್ದದ್ದರಿಂದಲೇ ಆ ಸಾಮ್ಯಗಳು ಎದೆಗಿಳಿದವು. ಬೀಜ ಮಣ್ಣಿನಲ್ಲಿ ಕರಗಿ ಕಾಣೆಯಾಗುವುದನ್ನೂ ಅಲ್ಲಿಂದಲೇ ಹಸಿರು ಏಳುವುದನ್ನೂ ಕಂಡ ಮಗು ಈಸ್ಟರ್ ಬೆಳಗಿನ ಸುದ್ದಿಯನ್ನು ಕೇಳುವಾಗ ಬರಿಗೈಯಲ್ಲಿ ಬಂದಿರುವುದಿಲ್ಲ. ತೋಟ ವಾಕ್ಯದ ಬದಲಿಗೆ ಬರುವಂಥದ್ದಲ್ಲ. ವಾಕ್ಯ ಬಿದ್ದಾಗ ಬೇರು ಬಿಡಲು ಬೇಕಾದ ಆಳವನ್ನು ಅದು ಮಗುವಿನಲ್ಲಿ ಸಿದ್ಧಮಾಡುತ್ತದೆ.

ಹಳ್ಳಿಯ ಪಾದ್ರಿಮನೆಯ ಈ ಕಲ್ಪನೆ ನಗರಕ್ಕೆ ಒಗ್ಗುವುದಿಲ್ಲ ಎಂಬುದು ಮೂರನೆಯ ಆಕ್ಷೇಪ, ಮತ್ತು ಇತಿಹಾಸ ಒಂದು ಮಟ್ಟಿಗೆ ಅದರ ಪರವಾಗಿಯೇ ನಡೆದಿದೆ. 1856ರಲ್ಲಿ ಮಾರ್ಗರೆಟೆ ಶುರ್ಟ್ಸ್ ಅಮೆರಿಕದ ವಾಟರ್‌ಟೌನ್‌ಗೆ, 1860ರಲ್ಲಿ ಎಲಿಜಬೆತ್ ಪೀಬಡಿ ಬಾಸ್ಟನ್‌ಗೆ, 1873ರಲ್ಲಿ ಸೂಸನ್ ಬ್ಲೋ ಸೇಂಟ್ ಲೂಯಿಸ್‌ನ ಸರ್ಕಾರಿ ಶಾಲೆಗೆ ಕಿಂಡರ್‌ಗಾರ್ಟನ್ ತಂದರು. ಹೀಗೆ ಹರಡುತ್ತ ಹೋದಂತೆ ಆಟಿಕೆ, ಹಾಡು, ಕೈಗೆಲಸಗಳು ಜೊತೆಗೆ ಹೋದವು. ಮಣ್ಣಿನ ಮಡಿಗಳು ಹಿಂದೆ ಉಳಿದವು. ನಮ್ಮ ಎಲ್‌ಕೆಜಿ, ಯುಕೆಜಿ ತರಗತಿಗಳು ಆ ಪರಂಪರೆಯ ತೀರ ದೂರದ ಕುಡಿಗಳು. ಆದರೂ ಇದು ಅನಿವಾರ್ಯವಾಗಿರಲಿಲ್ಲ. ಪಾದ್ರಿಯ ಮಗಳೂ ಫ್ರೋಬೆಲ್‌ನ ಸಂಬಂಧಿಯೂ ಆಗಿದ್ದ ಹೆನ್ರಿಯೆಟೆ ಶ್ರಾಡರ್-ಬ್ರೈಮನ್ ಬರ್ಲಿನ್ ಮಹಾನಗರದ ನಡುವೆಯೇ ಪೆಸ್ಟಲೋಜಿ-ಫ್ರೋಬೆಲ್ ಭವನವನ್ನು ಕಟ್ಟಿ, ತೋಟದ ಆರೈಕೆಯನ್ನೂ ಅಡುಗೆಮನೆಯ ಕೆಲಸವನ್ನೂ ಮಕ್ಕಳ ದಿನಚರಿಯಲ್ಲಿ ಸೇರಿಸಿದಳು. ತಿಂಗಳಿಗೊಂದು ಗಿಡ, ಪ್ರಾಣಿ ಅಥವಾ ಕಾಳನ್ನು ಹಿಡಿದು ಅದರ ಸುತ್ತ ಎಲ್ಲ ಪಾಠಗಳನ್ನು ಹೆಣೆಯುವುದು ಅವಳ ಕ್ರಮ. ನಗರದಲ್ಲಿ ತೋಟ ಇಲ್ಲವಾದದ್ದಕ್ಕೆ ನೆಲದ ಕೊರತೆಗಿಂತ ಹಿರಿಯರ ತಾಳ್ಮೆಯ ಕೊರತೆಯೇ ಹೆಚ್ಚಿನ ಕಾರಣ. ಮರದ ಘನವನ್ನು ಅರ್ಧ ಗಂಟೆಯಲ್ಲಿ ಜೋಡಿಸಿ ತೋರಿಸಬಹುದು. ಬೀಜ ತನ್ನ ಹೊತ್ತನ್ನು ತಾನೇ ತೆಗೆದುಕೊಳ್ಳುತ್ತದೆ.

ಕರ್ನಾಟಕದ ಸಭೆಗಳಿಗೆ ಈ ಇತಿಹಾಸ ಪರಕೀಯವೇನೂ ಅಲ್ಲ. ಫ್ರಾಂಕೆಯ ಭಕ್ತಿಪಂಥದ ಹೊಳೆಯೇ ಮುಂದೆ ಬಾಸೆಲ್ ಮಿಷನ್ ಆಗಿ 1834ರಲ್ಲಿ ಮಂಗಳೂರಿನ ದಡ ಮುಟ್ಟಿತು. ಅದೇ ಕರಾವಳಿಯ ಕಥೋಲಿಕ ಮಕ್ಕಳು ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ ಮುನ್ನ ಒಂಬತ್ತು ದಿನ ಬಾಲಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆ ಆಶೀರ್ವಾದ ಪಡೆದು ಮನೆ ಸೇರುತ್ತದೆ, ಮನೆಮಂದಿಯೆಲ್ಲ ಕೂಡಿ ಹೊಸ ಅಕ್ಕಿಯ ಊಟ ಮಾಡುತ್ತಾರೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಸುಗ್ಗಿಯ ಸ್ತೋತ್ರಾರಾಧನೆ ಇದೆ. ಬೆಳೆಯನ್ನು ಬಲಿಪೀಠದವರೆಗೆ ತರುವ ಸಂಪ್ರದಾಯ ನಮ್ಮಲ್ಲಿ ಜೀವಂತವಾಗಿದೆ. ಆ ಬೆಳೆಯನ್ನು ಬೆಳೆದ ಕೈ ಮಾತ್ರ ಮಕ್ಕಳದಾಗಿ ಉಳಿದಿಲ್ಲ. ಆದ್ದರಿಂದ ಸಭಾಪಾಲಕರಲ್ಲೂ ಸಂಡೇ ಸ್ಕೂಲ್ ಶಿಕ್ಷಕರಲ್ಲೂ ತಂದೆತಾಯಿಗಳಲ್ಲೂ ಒಂದು ವಿನಂತಿ: ಚರ್ಚಿನ ಅಂಗಳದಲ್ಲಿ ಹಾಸುಗಲ್ಲು ಬೀಳದ ಮೂಲೆ ಉಳಿದಿದ್ದರೆ ಅದನ್ನು ಮಕ್ಕಳಿಗೆ ಬಿಟ್ಟುಕೊಡಿ, ಇಲ್ಲವಾದರೆ ಮಗುವಿಗೊಂದು ಕುಂಡವನ್ನಾದರೂ ಕೊಡಿ. ಬಾಡಿದ ಗಿಡವನ್ನು ಮಗುವಿಗೆ ಗೊತ್ತಾಗದಂತೆ ಬದಲಿಸಿಡಬೇಡಿ. ಈ ವರ್ಷದ ಹಬ್ಬಕ್ಕೆ ಪ್ರತಿ ಮಗುವೂ ತಾನೇ ಬೆಳೆದ ಒಂದು ಹೂವನ್ನೋ ಒಂದು ಹಿಡಿ ಸೊಪ್ಪನ್ನೋ ದೇವರ ಮುಂದೆ ತಂದಿಡಲಿ.