ಅಚ್ಚು ಯಾರದು, ಎರಕ ಯಾರದು

ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ಗದಗ ಸೀಮೆಯ ಪೇಟೆಗಳಲ್ಲಿ ಸಕ್ಕರೆ ಗೊಂಬೆಗಳು ಕಾಣಿಸತೊಡಗುತ್ತವೆ. ಅವನ್ನು ಮಾಡುವುದು ಎರಡು ಹೋಳಿನ ಕಟ್ಟಿಗೆಯ ಅಚ್ಚಿನಲ್ಲಿ. ಅಚ್ಚನ್ನು ನೀರಿನಲ್ಲಿ ನೆನೆಸಿ, ಹೋಳುಗಳನ್ನು ಕೂಡಿಸಿ ಬಿಗಿದು, ಮೇಲಿನಿಂದ ಬಿಸಿ ಪಾಕ ಹೊಯ್ಯುತ್ತಾರೆ. ಪಾಕ ಗಟ್ಟಿಯಾದ ಮೇಲೆ ಕಟ್ಟು ಬಿಚ್ಚಿದರೆ ಆನೆ, ಕುದುರೆ, ತೇರು, ಗಿಳಿ. ಅಚ್ಚು ಸರಿಯಾಗಿ ನೆನೆಯದಿದ್ದರೆ ಪಾಕ ಕಟ್ಟಿಗೆಗೆ ಹಿಡಿದು ಆನೆಯ ಸೊಂಡಿಲು ಒಳಗೇ ಉಳಿಯುತ್ತದೆ. ಹೊಯ್ಯುವ ಕೈಯ ಕಸುಬು ಅದು. ಸೊಂಡಿಲು ಎಷ್ಟು ಬಾಗಬೇಕು, ತೇರಿನ ಕಳಸ ಎಷ್ಟು ಚೂಪಾಗಬೇಕು ಎಂಬುದನ್ನು ಮಾತ್ರ ಕಟ್ಟಿಗೆ ಕೆತ್ತಿದವನು ಎಂದೋ ತೀರ್ಮಾನಿಸಿಬಿಟ್ಟಿರುತ್ತಾನೆ. ಅವನ ಹೆಸರು ಗೊಂಬೆ ತಿನ್ನುವವರಿಗೂ ಗೊತ್ತಿಲ್ಲ, ಮಾರುವವರಿಗೂ ಗೊತ್ತಿಲ್ಲ.

ಅಚ್ಚು ಎಂಬ ಮಾತಿನ ಚರಿತ್ರೆಯೆಲ್ಲ ಈ ಇಬ್ಬರ ನಡುವಿನ ಚರಿತ್ರೆ ಎಂದು ನನಗೆ ಅನ್ನಿಸುತ್ತದೆ: ಕೆತ್ತುವವನೊಬ್ಬ, ಹೊಯ್ಯುವವನೊಬ್ಬ.

ಮಾತು ಹಳೆಯದು. ತಮಿಳು, ಮಲಯಾಳ, ತೆಲುಗುಗಳಲ್ಲೂ ಎರಕದ ಮಾದರಿ, ಒತ್ತಿದ ಗುರುತು ಎಂಬ ಅರ್ಥದಲ್ಲಿ ಇದೆ. ಆದರೆ ಕನ್ನಡದ ಅಚ್ಚು ಒಂದೇ ಅಲ್ಲ. ಬಂಡಿಯ ಅಚ್ಚು ಸಂಸ್ಕೃತದ ‘ಅಕ್ಷ’ದ ತದ್ಭವ. ಅದು ಗಾಲಿ ತಿರುಗುವ ತೊಲೆ, ಬೆಲ್ಲದ ಅಚ್ಚಿಗೂ ಅದಕ್ಕೂ ನಂಟಿಲ್ಲ. ಮಗ್ಗದಲ್ಲಿ ಹಾಸಿನ ಎಳೆಗಳು ಹಾಯ್ದುಹೋಗುವ, ಹೊಕ್ಕನ್ನು ಬಡಿದು ಕೂಡಿಸುವ ಹಣಿಗೆಗೂ ನಿಘಂಟುಗಳು ಅಚ್ಚು ಎನ್ನುತ್ತವೆ. ಬೆಟಗೇರಿ ನೇಕಾರರ ಊರು, ಗದಗ ಮುದ್ರಣದ ಊರು. ಒಂದೇ ನಗರಸಭೆಯ ಎರಡು ಹೋಳುಗಳಲ್ಲಿ ಒಂದೇ ಮಾತು ಎರಡು ಕಸುಬುಗಳಿಗೆ ಒದಗಿತು ಎನ್ನುವುದು ನಿಘಂಟಿನಲ್ಲಿ ಸಿಗದ ಸಂತೋಷ.

ಇಲ್ಲಿ ಎಡವುವ ಜಾಗಗಳೂ ಇವೆ. ‘ಅಚ್ಚಗನ್ನಡ’ದ ಅಚ್ಚ ಬೇರೆ. ಅದು ತಿಳಿಯಾದ, ಶುದ್ಧವಾದ ಎಂಬರ್ಥದ ‘ಅಚ್ಛ’ದಿಂದ ಬಂದದ್ದು. ತತ್ಸಮಗಳನ್ನು ದೂರವಿಟ್ಟು ‘ಕಬ್ಬಿಗರ ಕಾವ’ ಬರೆದ ಆಂಡಯ್ಯನನ್ನು ಹೊಗಳುವಾಗ ನಾವು ಬಳಸುವ ಮಾತಿನಲ್ಲೇ ಸಂಸ್ಕೃತ ಹೊಕ್ಕು ಕುಳಿತಿರುವುದು ಭಾಷೆಯ ಸಣ್ಣ ಕುಚೋದ್ಯ. ಕೈಮೇಲಿನ ಹಚ್ಚೆಯೂ ಅಚ್ಚಿನ ಸಂಬಂಧಿಯಲ್ಲ. ಅದು ‘ಪಚ್ಚೆ’, ಅಂದರೆ ಹಸಿರು. ಪಕಾರ ಹಕಾರವಾದಾಗ ಬಣ್ಣ ಹೋಗಿ ಚುಚ್ಚುವ ಕೆಲಸ ಉಳಿಯಿತು.

ಮಾತಿನಿಂದ ಕಸುಬಿಗೆ ಬಂದರೆ, ಗದಗದಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದ ಲಕ್ಕುಂಡಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಲೊಕ್ಕಿಗುಂಡಿ. ಅಲ್ಲಿ ಟಂಕಸಾಲೆ ಇತ್ತು, ಶಾಸನಗಳಲ್ಲಿ ಬರುವ ‘ಲೊಕ್ಕಿ ಗದ್ಯಾಣ’ ಆ ಊರಿನ ಹೆಸರು ಹೊತ್ತ ನಾಣ್ಯ. ಚಾಲುಕ್ಯರ ಚಿನ್ನದ ನಾಣ್ಯಗಳಲ್ಲಿ ಎಷ್ಟೋ ನಾಣ್ಯಗಳನ್ನು ಒಂದೇ ಪೆಟ್ಟಿಗೆ ಮುಗಿಸುತ್ತಿರಲಿಲ್ಲ. ತೆಳು ಬಿಲ್ಲೆಯ ಮೇಲೆ ಸಿಂಹಕ್ಕೊಂದು, ‘ಶ್ರೀ’ಗೊಂದು, ದೊರೆಯ ಬಿರುದಿಗೊಂದು ಹೀಗೆ ಬೇರೆ ಬೇರೆ ಮುದ್ರೆಗಳನ್ನು ಒಂದೊಂದಾಗಿ ಒತ್ತುತ್ತಿದ್ದರು. ಹಾಗಾಗಿ ಒಂದರಲ್ಲಿ ಸಿಂಹ ಅಂಚಿಗೆ ಸರಿದಿರುತ್ತದೆ, ಇನ್ನೊಂದರಲ್ಲಿ ಶ್ರೀಕಾರ ಅರ್ಧ ಮಾತ್ರ ಮೂಡಿರುತ್ತದೆ. ಮುದ್ರೆಗಳು ಒಂದೇ ಆದರೂ ಎರಡು ನಾಣ್ಯ ಪೂರಾ ಒಂದೇ ತರಹ ಇರುವುದಿಲ್ಲ. ಸುತ್ತಿಗೆ ಹಿಡಿದವನ ಕೈಗೂ ಅಷ್ಟು ಪಾಲು ಸಿಕ್ಕಿತ್ತು.

ಪುಸ್ತಕದ ಅಚ್ಚು ಬಹಳ ತಡವಾಗಿ ಬಂತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ದೂರದ ಸೆರಾಂಪುರದಲ್ಲಿ ಮುದ್ರಣವಾಯಿತು. ಹರ್ಮನ್ ಮೋಗ್ಲಿಂಗ್ 1843ರ ಜುಲೈಯಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂತು. ಕಲ್ಲಚ್ಚು ಎಂಬುದು ಎಂಥ ಸೊಗಸಾದ ಮಾತು ನೋಡಿ. ಜಿಡ್ಡು ಮಸಿಯಿಂದ ಬರೆದ ಬರಹವೇ ಕಲ್ಲಿನಿಂದ ಕಾಗದಕ್ಕೆ ಇಳಿಯುವುದರಿಂದ ಅದು ಅಚ್ಚೂ ಹೌದು, ಕೈಬರಹವೂ ಹೌದು. ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬರುವ ಹೊತ್ತಿಗೆ ಸೀಸದ ಮೊಳೆ ನೆಲೆಯೂರಿತ್ತು. ಅಚ್ಚು ಎಂಬ ಮಾತನ್ನು ವಿವರಿಸುವ ಪುಟವೂ ಅಚ್ಚಾಗಿಯೇ ಓದುಗರ ಕೈಗೆ ಬಂತು.

ಈ ಹೊಸ ಕೆಲಸಕ್ಕೆ ಹೆಸರು ಕೊಡಲು ಪೈಪೋಟಿ ನಡೆಯಿತು. ಹಳೆ ಮೈಸೂರಿನಲ್ಲಿ ಅಚ್ಚುಕೂಟ. ಮುಂಬಯಿ ಪ್ರಾಂತದ ನೆರಳಿನಲ್ಲಿದ್ದ ಗದಗ, ಧಾರವಾಡಗಳ ಕಡೆ ಮರಾಠಿಯ ಗಾಳಿಯಿಂದ ಛಾಪಖಾನೆ. ಬೋರ್ಡಿನ ಮೇಲೆ ಗೌರವಕ್ಕೆ ಮುದ್ರಣಾಲಯ. ಕೊನೆಗೆ ಎಲ್ಲರ ಬಾಯಲ್ಲೂ ನಿಂತದ್ದು ಪ್ರೆಸ್ಸು. ಸಂಸ್ಥೆಯ ಹೆಸರಾಗಿ ಅಚ್ಚು ಸೋತಿತು, ಕ್ರಿಯಾಪದವಾಗಿ ಗೆದ್ದಿತು. ‘ಪುಸ್ತಕ ಅಚ್ಚಿಗೆ ಹೋಗಿದೆ’, ‘ಅಚ್ಚಾಗಿ ಬಂದಿದೆ’ ಎನ್ನುವುದನ್ನು ಯಾವ ಮುದ್ರಣಾಲಯವೂ ಕಸಿದುಕೊಳ್ಳಲಿಲ್ಲ.

ಗದಗಕ್ಕೆ ಮುದ್ರಣ ಕಾಶಿ ಎಂಬ ಬಿರುದೇ ಇದೆ. ಬಿ.ಜಿ. ಸಂಕೇಶ್ವರ ಅಂಡ್ ಕೋ ಹೆಸರಿನ ನಿಘಂಟುಗಳು ಉತ್ತರ ಕರ್ನಾಟಕದ ಶಾಲೆಯ ಚೀಲಗಳಲ್ಲಿ ತಿರುಗಾಡಿದವು. ಆ ಮುದ್ರಣದ ಮನೆತನದ ವಿಜಯ ಸಂಕೇಶ್ವರ 1976ರಲ್ಲಿ ಒಂದು ಲಾರಿಯೊಂದಿಗೆ ಬೇರೆ ಹಾದಿ ಹಿಡಿದರು. ಮುಂದೆ ‘ವಿಜಯ ಕರ್ನಾಟಕ’, ‘ವಿಜಯವಾಣಿ’ಗಳ ಮೂಲಕ ಮತ್ತೆ ಅಚ್ಚಿಗೇ ಬಂದರು. 2022ರಲ್ಲಿ ಅವರ ಬದುಕು ‘ವಿಜಯಾನಂದ’ ಎಂಬ ಸಿನಿಮಾ ಆಯಿತು.

ಗದಗದ ಪಕ್ಕದ ಹಿರೇಹಂದಿಗೋಳದಂಥ ಊರುಗಳಿಗೆ ಪ್ರೆಸ್ಸೆಂದರೆ ಮೊದಲು ನೆನಪಾಗುವುದು ಲಗ್ನಪತ್ರಿಕೆ, ಆಮೇಲೆ ಜಾತ್ರೆಯ ನಾಟಕದ ಹ್ಯಾಂಡ್‌ಬಿಲ್ಲು. ಮೊಳೆ ಜೋಡಿಸುವವನು ಕಟ್ಟಿಗೆಯ ಮನೆಗಳಿಂದ ಒಂದೊಂದೇ ಅಕ್ಷರ ಹೆಕ್ಕಿ ಕಡ್ಡಿಯಲ್ಲಿ ಇಡುತ್ತಿದ್ದ. ಮೊಳೆಯ ಮುಖದಲ್ಲಿ ಅಕ್ಷರ ಕನ್ನಡಿಯೊಳಗಿನಂತೆ ತಿರುವುಮುರುವು, ಸಾಲು ತಲೆಕೆಳಗು. ಅದನ್ನು ಹಾಗೆಯೇ ಸರಾಗ ಓದುವುದು ಅವನ ವಿದ್ಯೆ. ‘ಸ್ತ್ರೀ’ ಎಂಬ ಒಂದು ಅಕ್ಷರಕ್ಕೆ ಹಲವು ಮೊಳೆ ಬೇಕು, ಒತ್ತಕ್ಷರ ಜಾರದಂತೆ ಬಿಗಿಯಬೇಕು. ಅಚ್ಚಾದ ಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಅದದರ ಮನೆಗೆ ಹಾಕುವುದು. ಇವತ್ತು ಮದುಮಗಳ ಹೆಸರಿನಲ್ಲಿದ್ದ ‘ಲ’ ನಾಳೆ ನಾಟಕದ ಖಳನಾಯಕನ ಹೆಸರಿಗೆ ಹೋಗುತ್ತಿತ್ತು.

ಯಾಂತ್ರಿಕವಾದ ಮಾತಿಗೆ ಕನ್ನಡಿಗರು ಎಷ್ಟು ಅಕ್ಕರೆ ತುಂಬಿದರು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಮನಸ್ಸಿನಲ್ಲಿ ಅಚ್ಚೊತ್ತಿತು, ಅಚ್ಚಳಿಯದೆ ಉಳಿಯಿತು ಎನ್ನುತ್ತೇವೆ. ಪ್ರೀತಿಯದ್ದು ಅಚ್ಚುಮೆಚ್ಚು. ಓರಣವಾದದ್ದು ಅಚ್ಚುಕಟ್ಟು. ಅದೇ ಅಚ್ಚುಕಟ್ಟು ಮಲಪ್ರಭೆಯ ಕಾಲುವೆ ಹರಿಯುವ ನರಗುಂದದ ರೈತನಿಗೆ ನೀರು ಸಿಗುವ ಹೊಲದ ಹರವು. ಮಗ ಅಪ್ಪನ ಪಡಿಯಚ್ಚು ಎಂದಾಗ ಯಾರಿಗೂ ಬೇಸರವಿಲ್ಲ. ಒಂದರಂತೆ ಇನ್ನೊಂದು ಇರುವುದನ್ನು ಹೊಸ ಕಾಲದ ಕಲಾವಿಮರ್ಶೆ ನಕಲು ಎಂದು ಮೂಗು ಮುರಿಯುತ್ತದೆ. ಭಾಷೆ ಮಾತ್ರ ಹಾಗೆ ಅಂದುಕೊಂಡಂತಿಲ್ಲ. ಒಳ್ಳೆಯ ಅಚ್ಚಿನಿಂದ ಬಂದದ್ದು ಒಳ್ಳೆಯದೇ ಎಂಬುದು ಅದರ ಪಕ್ಷ.

ಕಂಪ್ಯೂಟರು ಬಂದಾಗ ಅಕ್ಷರ ಕೆತ್ತುವ ಕೆಲಸ ಪರದೆಗೆ ಬಂತು. ಕಿನ್ನಿಕಂಬಳದ ಕೆ.ಪಿ. ರಾಯರು ಕನ್ನಡದ ನುಡಿಕ್ರಮಕ್ಕೆ ಹೊಂದುವ ಕೀಲಿಮಣೆ ರೂಪಿಸಿದರು, ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಶೇಷಾದ್ರಿ ವಾಸು ಅವರ ‘ಬರಹ’ ಬಂತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಡಿಟಿಪಿ ಅಂಗಡಿಗಳು ಬೆಳೆದವು. ಸೀಸದ ಮೊಳೆ ಗುಜರಿಗೆ ತೂಕಕ್ಕೆ ಹೋಯಿತು.

ಆ ಕಾಲದ ಫಾಂಟುಗಳಲ್ಲಿ ಒಂದು ಗುಟ್ಟಿತ್ತು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ‘ಕನ್ನಡ’ ಎಂದು ನುಡಿಯಲ್ಲಿ ಬೆರಳಚ್ಚು ಮಾಡಿದ್ದನ್ನು ಆ ಫಾಂಟಿಲ್ಲದ ಕಡೆ ಅಂಟಿಸಿದರೆ ಒಂದು ‘ಪಿ’, ತಲೆಮೇಲೆ ಗೀರಿರುವ ‘ಎ’, ಆಮೇಲೆ ಪೌಂಡಿನ ಗುರುತು, ನಡುವೆ ಒಂದು ಜರ್ಮನ್ ಅಕ್ಷರ ಕಾಣುತ್ತವೆ. ಅಚ್ಚಿದ್ದರೆ ಮಾತ್ರ ಕನ್ನಡ, ಇಲ್ಲದಿದ್ದರೆ ಬ್ರಿಟಿಷ್ ದುಡ್ಡು. ಇವತ್ತಿಗೂ ಎಷ್ಟೋ ಡಿಟಿಪಿ ಅಂಗಡಿಗಳು ಪೇಜ್‌ಮೇಕರನ್ನೂ ಹಳೆಯ ಫಾಂಟನ್ನೂ ಬಿಟ್ಟಿಲ್ಲ. ವಾಟ್ಸ್ಯಾಪಿನಲ್ಲಿ ಬಂದ ಆಮಂತ್ರಣದ ಒಕ್ಕಣೆಯನ್ನು ಮೊದಲು ಕನ್ವರ್ಟರಿಗೆ ಹಾಕಿಯೇ ಪುಟಕ್ಕೆ ತರಬೇಕು.

ಯೂನಿಕೋಡ್ ಮಾಡಿದ ದೊಡ್ಡ ಕೆಲಸವೆಂದರೆ ಅಕ್ಷರವನ್ನು ಅಚ್ಚಿನಿಂದ ಬಿಡಿಸಿದ್ದು. ಅಲ್ಲಿ ಕನ್ನಡಕ್ಕೆ ಮೀಸಲಾದದ್ದು 128 ಸ್ಥಾನ. ಸೀಸದ ಕಾಲದ ನೂರಾರು ಮೊಳೆಗಳಿಗೆ ಹೋಲಿಸಿದರೆ ಏನೂ ಅಲ್ಲ. ‘ಕ’ ಎಂಬುದು ಈಗ ಒಂದು ಸಂಖ್ಯೆ, ಅದು ಹೇಗೆ ಕಾಣಬೇಕು, ಒತ್ತು ಎಲ್ಲಿ ಕೂರಬೇಕು ಎಂಬುದು ಫಾಂಟಿನ ಪಾಡು. ಹೀಗೆ ಬಿಡುಗಡೆಯಾದ ಮೇಲೆ ಅಕ್ಷರ ಬರೆಯುವ ಕಲಾವಿದರಿಗೆ ಹೊಸ ಬಯಲು ಸಿಕ್ಕಿತು. ಗೂಗಲಿನ ಉಚಿತ ಫಾಂಟುಗಳ ಸಾಲಿನಲ್ಲಿ ‘ಬಾಲೂ ತಮ್ಮ’ ಇದೆ, ನಮ್ಮ ಪಕ್ಕದ ಊರಿನ ಹೆಸರಿನ ‘ಹುಬ್ಬಳ್ಳಿ’ಯೂ ಇದೆ. ಅವನ್ನು ಬಳಸುವವರಲ್ಲಿ ಎಷ್ಟು ಜನ ಅವನ್ನು ಯಾರು ಬರೆದರೆಂದು ಕೇಳುತ್ತಾರೋ!

ಇನ್ನು ತ್ರೀಡಿ ಪ್ರಿಂಟಿಂಗ್. ಅದರಲ್ಲಿ ಪದರದ ಮೇಲೆ ಪದರ ಕೂಡಿಸಿ ವಸ್ತುವನ್ನು ಕಟ್ಟುತ್ತಾರೆ, ಅಚ್ಚಿನ ಅಗತ್ಯವೇ ಇಲ್ಲ ಎಂಬುದು ಅದರ ಹೆಚ್ಚುಗಾರಿಕೆ. ಆದರೂ ಹೆಸರಿನಲ್ಲಿ ಮುದ್ರಣ ಉಳಿಯಿತು. ಕೃತಕ ಬುದ್ಧಿಮತ್ತೆ ಬರೆಯುವ ಚಿತ್ರಗಳದ್ದು ಇನ್ನೂ ವಿಚಿತ್ರ. ಲಕ್ಷಾಂತರ ಜನರು ಬಿಡಿಸಿದ್ದನ್ನು ಅರೆದು ಮಾಡಿದ ಅಚ್ಚು ಅದು, ಕೆತ್ತಿದವರು ಯಾರೆಂದು ಬೆರಳು ಮಾಡಲು ಆಗದು. ಅಂಥ ಚಿತ್ರಗಳೊಳಗೆ ಎಷ್ಟೋ ಸಲ ಕನ್ನಡದ ಬೋರ್ಡು ಬರುತ್ತದೆ. ದೂರದಿಂದ ದುಂಡಗೆ ಕನ್ನಡದಂತೆಯೇ ಇರುತ್ತದೆ, ಹತ್ತಿರ ಹೋದರೆ ಯಾವ ಅಕ್ಷರವೂ ಅಲ್ಲ. ಮೊಳೆ ಜೋಡಿಸುವವನು ತಪ್ಪು ಮಾಡಿದರೆ ‘ಲ’ ಬದಲು ‘ಅ’ ಬೀಳುತ್ತಿತ್ತು, ಅದೂ ಅಕ್ಷರವೇ. ಯಂತ್ರದ ಈ ತಪ್ಪಿಗೆ ನಮ್ಮಲ್ಲಿ ಇನ್ನೂ ಹೆಸರಿಲ್ಲ.

ಹೆಸರಿಲ್ಲದ ಇನ್ನೊಂದು ವಸ್ತು ಟೆಂಪ್ಲೇಟು. ರೀಲ್ಸಿಗೆ ಹಾಡು, ಕುಣಿತ, ತಿರುವು ಎಲ್ಲ ಮೊದಲೇ ಕಟ್ಟಿಟ್ಟಿರುತ್ತದೆ, ನಮ್ಮ ಫೋಟೊ ಹಾಕಿದರೆ ಸಾಕು. ಹುಟ್ಟುಹಬ್ಬದ ಫ್ಲೆಕ್ಸಿನಲ್ಲೂ ಹಿಂದೆ ಹಾರುವ ಹದ್ದು, ಸುತ್ತ ಬೆಂಕಿ, ನಡುವೆ ತಂಪು ಕನ್ನಡಕದ ಯುವಕ, ಇಷ್ಟು ಸಿದ್ಧ. ಇದಕ್ಕೆ ವಿದ್ವಾಂಸರು ‘ಮಾದರಿ’, ‘ಸಿದ್ಧವಿನ್ಯಾಸ’ ಎಂದು ಏನೇನೋ ಸೂಚಿಸುತ್ತಾರೆ. ಅಚ್ಚು ಎಂದರೇನು ಕಡಿಮೆ? ಪಾಕದ ಬದಲು ಫೋಟೊ ಹೊಯ್ಯುತ್ತೇವೆ, ಅಷ್ಟೇ. ಅಂಗಡಿಗೆ ಬಂದ ಗಿರಾಕಿ ಹೆಸರಿನ ಚರ್ಚೆಗೆ ಕಾಯುವುದಿಲ್ಲ: ‘ಹ್ವಾದ ವರ್ಷದ್ದ ಫೈಲ್ ಐತೆಲ್ರೀ, ಅದರಾಗ ಫೋಟೋ, ಹೆಸರಷ್ಟ ಬದ್ಲಿ ಮಾಡ್ರಿ. ಹದ್ದ ಇರಲಿ.’