ಪದ ಒಂದು, ಅರ್ಥ ಹಲವು: ಕನ್ನಡದೊಳಗಿನ ‘ಗೇಟ್’

ಮಂಗಳೂರು: ‘ಗೇಟ್ ಹಾಕಿದ್ದಾರೆ’ ಎಂಬ ಎರಡೇ ಪದಗಳ ಸುದ್ದಿ ನಗರದ ಬೋಳಾರದ ನಿವಾಸಿಗಳಿಗೆ ಒಮ್ಮೆ ಸಂಕಟ ತಂದರೆ, ಇನ್ನೊಮ್ಮೆ ಸಮಾಧಾನ ತರುತ್ತದೆ. ಹಾಕಿದ್ದು ರೈಲ್ವೆ ಗೇಟ್ ಆದರೆ ಕಚೇರಿಗೋ ಆಸ್ಪತ್ರೆಗೋ ಹೊರಟವರು ದಾರಿಯಲ್ಲೇ ನಿಲ್ಲಬೇಕು. ಹಾಕಿದ್ದು ತುಂಬೆ ಕಿಂಡಿ ಅಣೆಕಟ್ಟಿನ ಗೇಟ್ ಆದರೆ ಬೇಸಿಗೆಯಲ್ಲಿ ಮನೆಯ ನಲ್ಲಿಗೆ ನೀರು ಬರುವ ಭರವಸೆ. ಇಂಗ್ಲಿಷಿನಿಂದ ಬಂದು ಕನ್ನಡದಲ್ಲಿ ಮನೆಮಾತಾಗಿರುವ ಈ ಪದ ಇಂದು ಹೊತ್ತಿರುವ ಅರ್ಥಗಳು ಹತ್ತಾರು.

ಬಾಗಿಲಿಲ್ಲದ ಬಾಗಿಲು

ಬೋಳಾರಕ್ಕೆ ಹೊಂದಿಕೊಂಡ ಜೆಪ್ಪು ಪರಿಸರದಲ್ಲಿ ಮೋರ್ಗನ್ಸ್ ಗೇಟ್ ಇದೆ. ಇಂದಿನ ಪ್ರಯಾಣಿಕರಿಗೆ ಅದು ಬಾಗಿಲಲ್ಲ, ಜಂಕ್ಷನ್ ಮತ್ತು ಬಸ್ ನಿಲುಗಡೆಯ ಹೆಸರು. ಬೆಂಗಳೂರಿನ ಹಲಸೂರು ಗೇಟ್ ಕೂಡ ಹೀಗೆಯೇ. ಕೋಟೆಯ ಬಾಗಿಲು ಮರೆಯಾದರೂ ಪೊಲೀಸ್ ಠಾಣೆಯ ಹೆಸರಿನಲ್ಲಿ ಅದು ಉಳಿದಿದೆ. ಮುಂಬೈನ ಚರ್ಚ್‌ಗೇಟ್ ರೈಲು ನಿಲ್ದಾಣದ ಕಥೆಯೂ ಭಿನ್ನವಲ್ಲ.

ಮೂಲದಲ್ಲಿಯೂ ಈ ಪದಕ್ಕೆ ಎರಡು ಮುಖಗಳಿವೆ. ಹಳೆಯ ಇಂಗ್ಲಿಷಿನಲ್ಲಿ ಗೋಡೆ ಅಥವಾ ಬೇಲಿಯ ನಡುವಿನ ತೆರಪಿಗೆ ಈ ಹೆಸರಿತ್ತು. ಉತ್ತರ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಮಾತ್ರ ಸ್ಟೋನ್‌ಗೇಟ್, ಮಿಕಲ್‌ಗೇಟ್ ಎಂಬವು ಬೀದಿಗಳು. ಅಲ್ಲಿನ ‘ಗೇಟ್’ ಬಂದಿರುವುದು ಬೀದಿ ಎಂಬ ಅರ್ಥದ ಸ್ಕ್ಯಾಂಡಿನೇವಿಯಾದ ‘ಗಾಟಾ’ ಪದದಿಂದ. ಆ ಊರಿನ ಕೋಟೆ ಬಾಗಿಲುಗಳಿಗೆ ‘ಬಾರ್’ ಎಂದು ಹೆಸರು.

ಕನ್ನಡಕ್ಕೆ ಪದದ ಬಡತನವೇನೂ ಇರಲಿಲ್ಲ. ಅರಮನೆಗೆ ಹೆಬ್ಬಾಗಿಲು, ಉತ್ತರ ಕರ್ನಾಟಕದ ಊರುಗಳಿಗೆ ಅಗಸಿ, ಮಲೆನಾಡಿನ ತೋಟ-ಗದ್ದೆಗಳಿಗೆ ಉಣುಗೋಲು, ಕರಾವಳಿಯ ಬೇಲಿಗಳಿಗೆ ತಡಮೆ, ದಣಪೆ ಇದ್ದವು. ಕಬ್ಬಿಣದ ಜೋಡಿ ಕದಗಳು ಬಂದಂತೆ ಈ ಎಲ್ಲ ಹೆಸರುಗಳ ಜಾಗವನ್ನು ‘ಗೇಟ್’ ಒಂದೇ ಆಕ್ರಮಿಸಿತು. ಸುಂಕ ವಸೂಲಿಯ ತಾಣಕ್ಕೆ ಮಂಗಳೂರು, ಬೆಂಗಳೂರಿನಲ್ಲಿ ‘ಟೋಲ್‌ಗೇಟ್’ ಎಂದರೆ, ಧಾರವಾಡದವರಿಗೆ ಅದು ಇಂದಿಗೂ ‘ಟೋಲ್ ನಾಕಾ’.

ಕ್ರಿಯಾಪದವೇ ಗುರುತು

ಕನ್ನಡಿಗರು ಈ ಅರ್ಥಗಳನ್ನು ಬೇರ್ಪಡಿಸಿಕೊಳ್ಳುವುದು ಬಹುಮಟ್ಟಿಗೆ ಕ್ರಿಯಾಪದದ ನೆರವಿನಿಂದ. ಮನೆಯ ಗೇಟನ್ನು ‘ಹಾಕುತ್ತಾರೆ’. ರೈಲ್ವೆ ಗೇಟ್ ‘ಬೀಳುತ್ತದೆ’. ಅಣೆಕಟ್ಟಿನ ಗೇಟನ್ನು ‘ಎತ್ತುತ್ತಾರೆ’, ‘ಇಳಿಸುತ್ತಾರೆ’. ‘ಬರೆಯುವ’ ಗೇಟ್ ಎಂದರೆ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿಗಳು ಸರದಿಯಂತೆ ನಡೆಸುವ ಎಂಜಿನಿಯರಿಂಗ್ ಅರ್ಹತಾ ಪರೀಕ್ಷೆ. ಸ್ನಾತಕೋತ್ತರ ಪ್ರವೇಶಕ್ಕೆ ಬಾಗಿಲಿನಂತಿರುವ ಈ ಪರೀಕ್ಷೆಗೆ ಆ ಹೆಸರು ದೊರೆತಿರುವುದು ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ. ಎಲೆಕ್ಟ್ರಾನಿಕ್ಸ್ ಪಠ್ಯದ ಆಂಡ್, ಆರ್, ನಾಟ್ ಗೇಟ್‌ಗಳು ಕಣ್ಣಿಗೆ ಕಾಣದ ಬಾಗಿಲುಗಳು. ಒಳಬರುವ ಸಂಕೇತಗಳನ್ನು ನೋಡಿ, ಹೊರಹೋಗುವುದು ಒಂದೋ ಸೊನ್ನೆಯೋ ಎಂದು ಅವು ನಿರ್ಧರಿಸುತ್ತವೆ.

ಕಾರ್ಖಾನೆಯಿಂದ ಪತ್ರಿಕೆಗೆ

1865ರ ಮುದ್ರೆಯ ಹಂಚುಗಳಿಂದ ಪ್ರಸಿದ್ಧವಾದ ಬಾಸೆಲ್ ಮಿಷನ್ ಕಾರ್ಖಾನೆ ಇದ್ದದ್ದು ಇದೇ ಜೆಪ್ಪುವಿನಲ್ಲಿ. ಕಾರ್ಖಾನೆ ಬದುಕಿನ ಗೇಟ್ ಬೇರೆಯೇ ಆದ ಪದಗಳನ್ನು ಕೊಟ್ಟಿದೆ. ಪಾಳಿ ಬದಲಾಗುವ ಹೊತ್ತಿಗೆ ಕಾರ್ಮಿಕ ಸಂಘಗಳು ನಡೆಸುವುದು ‘ಗೇಟ್ ಮೀಟಿಂಗ್’. ಸರಕು ಹೊರಗೊಯ್ಯಲು ಬೇಕಾದುದು ‘ಗೇಟ್ ಪಾಸ್’. ಇದೇ ಚೀಟಿ ಪತ್ರಿಕಾ ಭಾಷೆಗೆ ಬಂದಾಗ ಅರ್ಥ ತಿರುಗಿತು. ‘ಸಚಿವರಿಗೆ ಗೇಟ್ ಪಾಸ್’ ಎಂಬ ಶೀರ್ಷಿಕೆ ಕಂಡರೆ ಅದು ವಜಾ ಆದ ಸುದ್ದಿ.

ಪತ್ರಿಕೆಗಳು ಬಳಸುವ ಇನ್ನೊಂದು ಗೇಟ್ ಹಗರಣದ ಬಾಲ. 1972ರ ಜೂನ್ 17ರಂದು ವಾಷಿಂಗ್ಟನ್‌ನ ವಾಟರ್‌ಗೇಟ್ ಕಟ್ಟಡ ಸಮುಚ್ಚಯದಲ್ಲಿ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದವರು ಸಿಕ್ಕಿಬಿದ್ದರು. 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ನೀಡಿದರು. ಕಟ್ಟಡದ ಹೆಸರಿನ ತುಂಡು ಅಂದಿನಿಂದ ಹಗರಣಕ್ಕೆ ಪರ್ಯಾಯವಾಯಿತು. 2012ರ ಕಲ್ಲಿದ್ದಲು ಹಂಚಿಕೆ ಹಗರಣ ‘ಕೋಲ್‌ಗೇಟ್’ ಆದಾಗ, ಕನ್ನಡ ಲಿಪಿಯಲ್ಲಿ ಅದು ಹಲ್ಲುಜ್ಜುವ ಪೇಸ್ಟಿನ ಹೆಸರಾಗಿಯೇ ಕಂಡದ್ದು ಸ್ವಾರಸ್ಯದ ಸಂಗತಿ.

ಯಾರು ಕಾಯಬೇಕು?

ಇಷ್ಟೆಲ್ಲ ಅರ್ಥಗಳ ಹಿಂದೆ ಇರುವ ಪ್ರಶ್ನೆ ಒಂದೇ: ತಡೆಯುವವರು ಯಾರು, ಕಾಯುವವರು ಯಾರು? ರೈಲ್ವೆಯ ಅಂತರ್‌ಬಂಧಿತ ಗೇಟ್‌ಗಳಲ್ಲಿ ಗೇಟ್ ಮುಚ್ಚಿ ಬೀಗ ಬೀಳುವವರೆಗೆ ರೈಲಿಗೆ ಹಸಿರು ಸಂಕೇತ ದೊರೆಯದು. ರಸ್ತೆಯವರು ನಿಲ್ಲುವುದು ಇದೇ ಸುರಕ್ಷತೆಗಾಗಿ. ಆದರೆ ಆಂಬುಲೆನ್ಸ್‌ನಲ್ಲಿರುವ ರೋಗಿಗೆ ಆ ನಿಮಿಷಗಳ ಬೆಲೆ ಬೇರೆ. ಜೆಪ್ಪು ಮಹಾಕಾಳಿಪಡ್ಪುವಿನ ರೈಲ್ವೆ ಗೇಟ್ ದೀರ್ಘಕಾಲ ಇಂಥದೇ ದೂರುಗಳಿಗೆ ಕಾರಣವಾಗಿ, ಅಲ್ಲಿ ಕೆಳಸೇತುವೆ ಕಾಮಗಾರಿ ಕೈಗೆತ್ತಿಕೊಳ್ಳಬೇಕಾಯಿತು. ಸುರತ್ಕಲ್‌ನ ಟೋಲ್‌ಗೇಟ್ ವಿರುದ್ಧ ವರ್ಷಗಳ ಕಾಲ ನಡೆದ ಹೋರಾಟದ ಬಳಿಕ 2022ರ ಡಿಸೆಂಬರ್ 1ರಿಂದ ಅಲ್ಲಿ ಸುಂಕ ವಸೂಲಿ ನಿಂತಿತು.

ನೀರಿನ ಗೇಟ್‌ನ ಲೆಕ್ಕ ಇದಕ್ಕೆ ತದ್ವಿರುದ್ಧ. ಅಲ್ಲಿ ಮುಚ್ಚಿದ್ದೇ ಕ್ಷೇಮ, ತೆರೆದುಕೊಂಡದ್ದೇ ಅಪಾಯ ಆಗಬಹುದು. ಸರ್ ಎಂ. ವಿಶ್ವೇಶ್ವರಯ್ಯ ರೂಪಿಸಿದ ಸ್ವಯಂಚಾಲಿತ ಗೇಟ್‌ಗಳು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮೊದಲು ಅಳವಡಿಕೆಯಾದವು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 33 ಗೇಟ್‌ಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟ್‌ಗಳನ್ನೂ ತೆರೆದು ತುಂಬಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ಪರಿಣತ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಾತ್ಕಾಲಿಕ ತಡೆ ಅಳವಡಿಸಿ ಹರಿವು ನಿಲ್ಲಿಸಿದಾಗ ವಾರ ಕಳೆದಿತ್ತು. ಅಷ್ಟೂ ದಿನ ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರಿಗೆ ‘ಗೇಟ್’ ಎಂದರೆ ಬೆಳೆ ಉಳಿಯುವುದೋ ಇಲ್ಲವೋ ಎಂಬ ಆತಂಕ. 2016 ಮತ್ತು 2019ರ ಬೇಸಿಗೆಯಲ್ಲಿ ತುಂಬೆಯ ನೀರು ತಳ ಕಂಡಾಗ ಮಂಗಳೂರಿನ ಜನತೆಯೂ ಈ ಅರ್ಥದ ಭಾರವನ್ನು ಅರಿತಿದ್ದರು.

ಆದುದರಿಂದಲೇ ‘ಗೇಟ್ ತೆರೆಯಲಾಗುವುದು’ ಎಂಬಷ್ಟೇ ಪ್ರಕಟಣೆ ನದಿಪಾತ್ರದ ಜನರಿಗೆ ಸಾಲದು. ಎಷ್ಟು ಗೇಟ್, ಎಷ್ಟು ಕ್ಯೂಸೆಕ್, ಎಷ್ಟು ಗಂಟೆಗೆ ಎಂಬುದು ಜತೆಗಿದ್ದಾಗಲೇ ಆ ಪದಕ್ಕೆ ಪೂರ್ಣ ಅರ್ಥ.